ಆರು ಕಂಬಳಿ ದೂರ

ಮಹಾಂತನ ಎದುರು ಬೇಸ್‌ಬಾಲ್ ಎಂಬ ಮಾತು ಎತ್ತಬಾರದು. ಎತ್ತಿದಿರೋ, ಕೈಯಲ್ಲಿಯ ಚಹಾ ಆರಿಹೋಯಿತೆಂದೇ ತಿಳಿಯಿರಿ. ಬಾಲಗಾಂವದಲ್ಲಿ ಇದು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಆದರೂ ನಾಗನಾಥನ ಚಹಾದಂಗಡಿಯಲ್ಲಿ ದಿನಾ ಬೆಳಿಗ್ಗೆ ಯಾರೋ ಒಬ್ಬರು ಬೇಕಂತಲೇ ಎತ್ತುತ್ತಿದ್ದರು, ಅವನು ಹೂಡಿದ ಎತ್ತಿನ ಹಾಗೆ ಹೊರಟುಬಿಡುತ್ತಿದ್ದ.

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಕುರಿ ಕಾಯುವ ಅಮಸಿದ್ದನ ಮಗ ಮಹಾಂತ ಊರ ಹೈಸ್ಕೂಲಿನ ತಂಡಕ್ಕೆ ಪಿಚರ್ ಆಗಿದ್ದ. ಪಿಚರ್ ಎಂದರೆ ಕ್ರಿಕೆಟ್ಟಿನ ಬೌಲರ್ ಇದ್ದ ಹಾಗೆಯೇ, ಆದರೆ ಓಡಿ ಬರುವಂತಿಲ್ಲ. ಒಂದು ಪಟ್ಟಿಯ ಮೇಲೆ ಕಾಲೂರಿ, ಅರವತ್ತು ಅಡಿ ಆಚೆ ದಾಂಡು ಹಿಡಿದು ನಿಂತವನ ಎದುರು ಚೆಂಡು ಒಗೆಯಬೇಕು. ಸುತ್ತಲಿನ ಊರುಗಳಲ್ಲೆಲ್ಲ ಕಲ್ಲುಬೋರೆಯೇ ಆದ್ದರಿಂದ ಆ ವರ್ಷದ ಆಟಗಳೆಲ್ಲ ಬಾಲಗಾಂವದ ಮೈದಾನದಲ್ಲೇ ನಡೆದವು. ಸಂಖದವರು ಬಂದರು, ಬಿಳೂರದವರು ಬಂದರು, ಹೆಗಲ ಮೇಲೆ ದಾಂಡು ಹೊತ್ತು ಬಂದ ಹಾಗೆಯೇ ಹೊತ್ತು ಹೋದರು. ಮಹಾಂತನ ಚೆಂಡು ಯಾರ ಕಣ್ಣಿಗೂ ಕಾಣಲಿಲ್ಲವಂತೆ. ಶಾಲೆಯ ಗೋಡೆಯ ಮೇಲೆ ಎಲ್ಲ ಆಟಗಾರರ ಹೆಸರಿಗಿಂತ ಮೇಲೆ ಅವನ ಹೆಸರು ಬರೆಸಿದ್ದರು. ಆಮೇಲೆ ಅವನು ಆಡಲಿಲ್ಲ, ಕುರಿ ಹಿಂದೆ ಹೋದ. ಕುರಿ ಮಾರಿ ಮೇವಿನ ವ್ಯಾಪಾರಕ್ಕೆ ಕುಳಿತ. ಉಳಿದದ್ದು ಆ ಒಂದು ಹಂಗಾಮು, ಗೋಡೆಯ ಮೇಲಿನ ಆ ಒಂದು ಹೆಸರು.

ಈ ವರ್ಷ ಗೋಡೆಗೆ ಹೊಸ ಬಣ್ಣ ಬಳಿಯುವುದು ನಿಕ್ಕಿಯಾಯಿತು, ಅಲ್ಲಿಂದ ಶುರುವಾಯಿತು ತಕರಾರು. ಯಾಕೆಂದರೆ ಕೂಲಿ ಮಾಡುವ ಪಂಡಿತನ ಮಗಳು ಶುಭಾಂಗಿ ಈ ಹಂಗಾಮಿನಲ್ಲಿ ಸಾಂಗಲಿಯ ತನಕ ಹೋಗಿ, ಚೆಂಡು ಒಗೆದು ದಾಂಡಿಗರನ್ನು ಅಳಿಸಿ ಬಂದಿದ್ದಳು. ಮೇಲಿನ ಹೆಸರು ಯಾರದು, ಮಹಾಂತನದೋ ಶುಭಾಂಗಿಯದೋ? ಊರಿಗೆ ಅದೊಂದು ಹರಟೆ. ಮಹಾಂತನಿಗೆ ಹಾಗಲ್ಲ, ಆ ಹೆಸರು ಕೆಳಗಿಳಿದರೆ ತನ್ನ ಹತ್ತಿರ ಇನ್ನೇನಿದೆ ಎಂದು ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಈಗಿನ ಪಿ.ಟಿ. ಮಾಸ್ತರರು ರೇವಣ್ಣ ಸರ್. ಅವರಿಗೂ ಮಹಾಂತನಿಗೂ ಮೊಬೈಲಿನಲ್ಲಿ ಅಮೆರಿಕದ ಹಳೆಯ ಆಟ ನೋಡುವ ಚಟ, ನೋಡಿ ಜಗಳಾಡುವ ಚಟ. ಆ ದಿನ ಚಹಾದಂಗಡಿಯಲ್ಲಿ ಮಹಾಂತ ತೊಡೆ ತಟ್ಟಿ ಹೇಳಿದ, "ಒಂದ ಹಂಗಾಮು ಅಂದ್ರ ಅರವತ್ತೆಂಟನೇ ಇಸವಿ ಗಿಬ್ಸನ್‌ರಿ ಸರ್. ಸರಾಸರಿ ಆಟಕ್ಕ ಕೊಟ್ಟದ್ದು ಒಂದ ಓಟ, ಮ್ಯಾಲ ಒಂದೀಟ ಚೂರು. ಅವನ ಮುಂದ ನಿಮ್ಮ ಪೆಡ್ರೊ ಏನ ಹೇಳ್ರಿ."

"ಪೆಡ್ರೊ ಮಾರ್ಟಿನೆಜ್ ಎರಡ ಸಾವಿರದ ಇಸವಿಯಾಗ ಒಂದೂಮುಕ್ಕಾಲ ಕೊಟ್ಟ, ಖರೆ," ಎಂದರು ಸರ್. "ಆದ್ರ ಆ ವರ್ಷ ಉಳದ ಪಿಚರ್ ಮಂದಿ ಐದರ ಸಮೀಪ ಕೊಟ್ಟಿದ್ರು. ಗಿಬ್ಸನ್ ಕಾಲದಾಗ ಎಲ್ಲಾರೂ ಕಡಿಮಿನೇ ಕೊಡತಿದ್ರು. ಪಿಚರ್ ನಿಲ್ಲೂ ಗುಡ್ಡಿ ಎತ್ತರ ಇತ್ತಪಾ. ಮರುವರ್ಷ ಅದನ್ನ ತಗ್ಗಸಿದ್ರು."

"ಹಂಗಾರ ಅಂವಾ ಮೋಸ ಮಾಡಿದಾ ಅಂತೀರೇನು?"

"ಎಲ್ಲಿ ಅಂದೆ? ಗುಡ್ಡಿ ಎತ್ತರ ಇದ್ದದ್ದು ಅವನ ತಪ್ಪಲ್ಲ, ಎಲ್ಲಾರಿಗೂ ಅದ ಗುಡ್ಡಿ. ಒಂದು ಕಾಲದಾಂವನ್ನ ಇನ್ನೊಂದು ಕಾಲದಾಂವನ ಜೋಡಿ ನಿಲ್ಲಸಬೇಕಾದ್ರ ನಿಂತ ನೆಲ ಯಾವದು ಅಂತ ಮೊದಲ ಹೇಳಬೇಕು. ಇದ್ದದ್ದನ್ನ ಇದ್ದಂಗ ಹೇಳಿದ್ರ ಯಾರ ಹೆಸರೂ ಸಣ್ಣದಾಗಂಗಿಲ್ಲ."

ಎಂಥ ಚಲೋ ಮಾತು! ಕಿವಿಗೆ ಹಾಕಿಕೊಂಡಿದ್ದರೆ ಮಹಾಂತ ಬದುಕುತ್ತಿದ್ದ. ಅಷ್ಟರಲ್ಲಿ ನಾಗನಾಥ ಚಹಾ ಸೋಸುತ್ತ, "ಅಮೆರಿಕದ ಮಾತ ಬಿಡೋ ಮಾರಾಯಾ, ಶುಭಾಂಗಿದ ಹೇಳು," ಎಂದು ಕಡ್ಡಿಯಾಡಿಸಿದ.

"ಆಕಿದೇನ ಹೇಳೂದು," ಎಂದ ಮಹಾಂತ. "ಹೆಣ್ಣಹುಡಿಗಿ ಅಂತ ಪಟ್ಟಿ ಹತ್ತರ ತಂದು ಇಟ್ಟಾರ. ಅಷ್ಟ ಹತ್ತರ ನಿಂತ್ರ ನಮ್ಮ ಕುರಿ ಸೈತ ಒಗಿತಾವು. ಇಂಥವ್ರಿಗಿ ಎಲ್ಲಾದ್ರಾಗೂ ಹತ್ತರದ ಹಾದಿ ಬೇಕು."

ಮೂಲೆಯಲ್ಲಿ ಪಂಡಿತ ಚಹಾ ಕುಡಿಯುತ್ತ ನಿಂತಿದ್ದ. ಅರ್ಧ ಉಳಿದ ಗ್ಲಾಸನ್ನು ಕಟ್ಟೆಯ ಮೇಲಿಟ್ಟು ನಡೆದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಹಾಂತನಿಗೆ ನಾಲಿಗೆ ಕಚ್ಚಿಕೊಳ್ಳಬೇಕೆನಿಸಿತು. ಆದರೆ ಕಚ್ಚಿಕೊಳ್ಳುವ ಚಾಳಿ ಅವನಿಗೆ ಮೊದಲಿನಿಂದಲೂ ಇಲ್ಲ.

ರೇವಣ್ಣ ಸರ್ ಮುಖ ಬಿಗಿದುಕೊಂಡು, "ಐತವಾರ ಎಲ್ಲಾರೂ ಕೂಡತಾರ. ಟೇಪ್ ಹಿಡದು ಅಳದ ಬಿಡೂಣು," ಎಂದರು.

"ನಿಮ್ಮ ಟೇಪ್ ನಿಮ್ಮ ಕೈಯಾಗಿಂದು," ಎಂದ ಮಹಾಂತ. "ನಾ ನಮ್ಮ ಅಪ್ಪನ ಕಂಬಳಿ ತರತೀನಿ. ನಮ್ಮ ಕಾಲದಾಗ ಅಪ್ಪ ಮೈದಾನ ಅಳದದ್ದು ಅದರಿಂದನ. ಹತ್ತ ಫೂಟಿನ ಕಂಬಳಿ, ಆರು ಸಲ ಹಾಸಿದ್ರ ಅರವತ್ತು. ಅದು ಸುಳ್ಳ ಹೇಳಂಗಿಲ್ಲ."

ಅದು ಬರೀ ಹೊದೆಯುವ ಕಂಬಳಿ ಅಲ್ಲ. ಬೀರಪ್ಪನ ಒಕ್ಕಲಿನ ಕುರುಬರಿಗೆ ಕಂಬಳಿ ಹಾಸಿದರೆ ಅದು ದೇವರ ಗದ್ದುಗೆ, ನ್ಯಾಯ ಮಾಡುವ ಕಟ್ಟೆ. ಅದರ ಮೇಲೆ ನಿಂತು ಸುಳ್ಳು ಹೇಳುವ ಎದೆ ಊರಲ್ಲಿ ಯಾರಿಗೂ ಇಲ್ಲ. ಸಾಕ್ಷಿ, ಪುರಾವೆ, ಆಣೆ ಎಲ್ಲ ಬೇರೆಯವರಿಗೆ. ಇವರಲ್ಲಿ, 'ಕಂಬಳಿ ಮ್ಯಾಲ ಬಂದು ಹೇಳು' ಎಂದರೆ ಮುಗಿಯಿತು.

ಐತವಾರ ನಸುಕಿನಲ್ಲೇ ಮಹಾಂತ ಹೆಂಡತಿ ಬೀರವ್ವನನ್ನು ಕರೆದುಕೊಂಡು ಶಾಲೆಯ ಹಿಂದಕ್ಕೆ ಹೋದ. ಹೊಸ ಕೋಣೆ ಕಟ್ಟಿದಾಗ ಮೈದಾನ ಆಚೆ ಸರಿದಿತ್ತು, ಆದರೆ ಹಳೆಯ ಮೈದಾನದ ಎರಡು ಗುರುತುಗಲ್ಲು ಕಸದ ನಡುವೆ ಹಾಗೇ ಹೂತುಕೊಂಡಿದ್ದವು. ಒಂದು ಅವನು ನಿಂತು ಒಗೆಯುತ್ತಿದ್ದ ಕಲ್ಲು, ಇನ್ನೊಂದು ದಾಂಡಿಗನ ಕಲ್ಲು. ಬೀರವ್ವ ಒಂದು ತುದಿ ಹಿಡಿದಳು, ಅವನೊಂದು ತುದಿ ಹಿಡಿದ. ಹಾಸಿದರು, ಸರಿದರು, ಮತ್ತೆ ಹಾಸಿದರು. ಆರನೆಯ ಸಲ ಕಂಬಳಿಯ ಅಂಚು ಕಲ್ಲಿನ ಅಂಚಿಗೆ ಮುತ್ತಿಟ್ಟ ಹಾಗೆ ಕೂತಿತು.

"ನೋಡಿದಿ? ಎಳಿ ದಾರದ ಫರಕ ಇಲ್ಲ. ನಮ್ಮಪ್ಪನ ಅಳತಿ ಅಂದ್ರ ಅಳತಿ," ಎಂದು ಮಹಾಂತ ಮೀಸೆಯಲ್ಲೇ ನಕ್ಕ. ಬೀರವ್ವನೂ ನಕ್ಕಳು. ಗಂಡ ಹೀಗೆ ನಕ್ಕು ಭಾಳ ದಿನವಾಗಿತ್ತು.

ಬಿಸಿಲೇರುವ ಹೊತ್ತಿಗೆ ಹೊಸ ಮೈದಾನದಲ್ಲಿ ಮಂದಿ ಕೂಡಿದರು. ಬಣ್ಣ ಬರೆಯುವವನು ಡಬ್ಬಿ ಕಲಸಿಕೊಂಡು ಗೋಡೆಯ ಬುಡದಲ್ಲಿ ಕೂತಿದ್ದ. ಶುಭಾಂಗಿ ಪಟ್ಟಿಯ ಹತ್ತಿರ ಕೈಕಟ್ಟಿಕೊಂಡು ನಿಂತಿದ್ದಳು, ಪಂಡಿತ ದೂರದಲ್ಲಿ ಬೇವಿನ ಗಿಡದ ಕೆಳಗೆ. ಕುರುಬರ ಹಿರಿಯ ವಿಠೋಬಜ್ಜ ಕೋಲೂರಿಕೊಂಡು ಬಂದು ಮುಂದೆಯೇ ನಿಂತ. ಮಹಾಂತ ದಾಂಡಿಗನ ಜಾಗದಿಂದ ಕಂಬಳಿ ಹಾಸಲು ಶುರುಮಾಡಿದ. ಎಲ್ಲರೂ ಸಲ ಎಣಿಸುತ್ತ ಬಂದರು. ಆರು ಎಂದಾಗ ಅವನು ತಲೆಯೆತ್ತಿ ನೋಡಿದ. ಹುಡುಗಿ ನಿಲ್ಲುವ ಪಟ್ಟಿ ಈಚೆಗಿರಬೇಕಿತ್ತಲ್ಲ, ಇನ್ನೂ ಆಚೆಗಿತ್ತು. ಎರಡು ದೊಡ್ಡ ಹೆಜ್ಜೆ ಇಟ್ಟರೂ ಮುಟ್ಟುವಂತಿರಲಿಲ್ಲ.

"ಏನೋ ಮಹಾಂತಾ, ಹುಡಿಗಿ ನಿನಗಿಂತ ದೂರ ನಿಂತಾಳಲ್ಲೊ," ಎಂದ ನಾಗನಾಥ. ಮಂದಿ ನಕ್ಕರು.

"ಪಟ್ಟಿ ತಪ್ಪಿ ಇಟ್ಟಾರ," ಎಂದ ಮಹಾಂತ. ರೇವಣ್ಣ ಸರ್ ಟೇಪು ಎಳೆದರು. ಅರವತ್ತು ಅಡಿ, ಮೇಲೆ ಅರ್ಧ. ಎಲ್ಲಿ ಇರಬೇಕೋ ಅಲ್ಲೇ ಇತ್ತು ಪಟ್ಟಿ. ಆಮೇಲೆ ಅದೇ ಟೇಪನ್ನು ಕಂಬಳಿಯ ಉದ್ದಕ್ಕೆ ಹಿಡಿದರು. ಒಂಬತ್ತು ಅಡಿ.

ಮಹಾಂತ ಕಂಬಳಿಯ ಮೇಲೆ ನಿಂತಿದ್ದ. ಕಾಲ ಕೆಳಗಿನ ಉಣ್ಣೆ ಚುಚ್ಚಿದ ಹಾಗಾಯಿತು. ನೇಯ್ದಾಗ ಹತ್ತು ಅಡಿ ಇದ್ದ ಕಂಬಳಿ ನೀರು ಕಂಡ ಮೇಲೆ ಕುಗ್ಗುತ್ತದೆ, ಇದು ಕುರುಬರ ಮನೆಯ ಕೂಸಿಗೂ ಗೊತ್ತು. ಗೊತ್ತಿದ್ದೂ ಅಪ್ಪ ನೇಯ್ದ ದಿನದ ಅಳತೆಯನ್ನೇ ನಂಬಿ, ನೆನೆದು ಕುಗ್ಗಿದ ಕಂಬಳಿಯಿಂದ ಮೈದಾನ ಅಳೆದಿದ್ದ. ಕಂಬಳಿ ಸುಳ್ಳು ಹೇಳುವುದಿಲ್ಲವೆಂದು ಅಪ್ಪನಿಗೂ ಅಷ್ಟೇ ಭರವಸೆ. ಬೆಳಿಗ್ಗೆ ಕಲ್ಲಿನಿಂದ ಕಲ್ಲಿಗೆ ಸರಿಯಾಗಿ ಆರು ಕಂಬಳಿ ಕೂಡಿತ್ತಲ್ಲ, ಅಂದರೆ ಮೈದಾನ ಅಳೆದ ದಿನವೂ ಅದು ಇಷ್ಟೇ ಇತ್ತು. ಅವನ ಇಡೀ ಹಂಗಾಮು ಐವತ್ತನಾಲ್ಕು ಅಡಿಯಲ್ಲಿ ನಡೆದಿತ್ತು. ಹತ್ತಿರ ನಿಂತು ಒಗೆದವನು ತಾನು! 'ಹತ್ತರದ ಹಾದಿ' ಎಂದು ಮೂದಲಿಸಿದ್ದು ಅವಳನ್ನು! ನೆಲ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದ. ಮೋರೆ ಎತ್ತಿದರೆ ಬೇವಿನ ಗಿಡದ ಕೆಳಗೆ ಪಂಡಿತ ಕಾಣುತ್ತಾನೆಂದು ಎತ್ತಲಿಲ್ಲ.

ವಿಠೋಬಜ್ಜನಿಗೆ ಅವನ ಮೋರೆ ನೋಡಿ ಕರುಳು ಚುರ್ ಎಂದಿತು. "ಅಲ್ಲೋ, ಇಷ್ಟ ವರ್ಷದ ಕಂಬಳಿ, ಈಗ ಕುಗ್ಗೇತಿ, ಅದರಾಗೇನದ," ಎಂದ. "ಆವಾಗ ಪೂರಾ ಇತ್ತಲ್ಲ? ಹೆಂಗೂ ಕಂಬಳಿ ಮ್ಯಾಲ ನಿಂತೀದಿ, ಒಂದ ಮಾತ ಹೇಳಿಬಿಡು. ಮುಗೀತು, ಮನಿಗಿ ಹೋಗೂಣು."

ಮಂದಿಯೆಲ್ಲ ಅವನ ಬಾಯಿ ನೋಡಿದರು. ಬೀರವ್ವನೂ ನೋಡಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಏನು ಹೋಗುತ್ತಿತ್ತು? ಗಿಬ್ಸನ್ನನ ಗುಡ್ಡಿಯ ಹಾಗೆ ಅದೂ ಯಾರ ತಪ್ಪೂ ಅಲ್ಲ, ಆ ವರ್ಷ ಒಗೆದವರೆಲ್ಲ ಅದೇ ಕಲ್ಲಿನ ಮೇಲೆ ನಿಂತವರು. ಮಹಾಂತ ಗೋಡೆಯ ಮೇಲೆ ಮಾಸಿದ ತನ್ನ ಹೆಸರು ನೋಡಿದ. ಆಮೇಲೆ ಬಲಗಾಲು ತೆಗೆದು ಮಣ್ಣಿನ ಮೇಲಿಟ್ಟ, ಎಡಗಾಲನ್ನೂ ಇಟ್ಟ. ಕಂಬಳಿ ಬಿಟ್ಟು ನೆಲದ ಮೇಲೆ ನಿಂತು, "ಹೂಂ ಅಜ್ಜಾ. ಆವಾಗ ಪೂರಾ ಇತ್ತು," ಎಂದ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು. ವಿಠೋಬಜ್ಜ ಒಂದು ಗಳಿಗೆ ಅವನ ಕಾಲು ನೋಡಿದ, ಆಮೇಲೆ ಕೋಲಿನ ತುದಿಯಿಂದ ಮಣ್ಣು ಕೆದರತೊಡಗಿದ. ನಾಗನಾಥನ ಬಾಯಿಗೆ ಯಾವತ್ತೂ ಬೀಗ ಇಲ್ಲ, ಅವನೂ ಗಿಡದ ಕಡೆ ಮೋರೆ ತಿರುಗಿಸಿದ. ಯಾರೂ ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಮಹಾಂತ ತಿರುಗಿ ಬೈಯುತ್ತಿದ್ದ. ಈ ಸುಮ್ಮನಿರುವುದಕ್ಕೆ ಏನು ಅನ್ನಬೇಕೋ ಅವನಿಗೆ ತಿಳಿಯಲಿಲ್ಲ. ಬೀರವ್ವ ಬಾಗಿ ಕಂಬಳಿ ಎತ್ತಿ, ಮಣ್ಣು ಕೊಡವಿ, ಮಡಚಿ ತನ್ನ ಹೆಗಲ ಮೇಲೆ ಹಾಕಿಕೊಂಡಳು.

ಕಂಬಳಿಯ ಮರ್ಮ ಗೊತ್ತಿರದವಳು ಅಲ್ಲಿ ಒಬ್ಬಳೇ ಇದ್ದಳು. ಶುಭಾಂಗಿಯ ಮನೆ ಬುದ್ಧನಿಗೆ ನಡೆದುಕೊಳ್ಳುವ ಮನೆ, ಬೀರಪ್ಪನ ಕಂಬಳಿಯ ನೇಮ ಅವರದಲ್ಲ. ಅವಳು ಮುಂದೆ ಬಂದು, "ಸರ್, ಕಾಕಾ ಹೇಳೂದು ಖರೆ ಇರಬೇಕರಿ," ಎಂದಳು. "ದೊಡ್ಡವ್ರು ಇಷ್ಟ ಮಂದಿಯಾಗ ಸುಳ್ಳ್ಯಾಕ ಹೇಳತಾರ? ಅವ್ರ ಹೆಸರ ಮ್ಯಾಲ ಇರಲಿ. ನಂದು ಕೆಳಗ ಬರೀರಿ."

ಬಣ್ಣದವನು ಕುಂಚ ಅದ್ದಿಕೊಂಡು ಸರ್ ಕಡೆ ನೋಡಿದ. ಸರ್ ವಿಠೋಬಜ್ಜನ ಕಡೆ ನೋಡಿದರು. ಮಹಾಂತನ ಕಿವಿ, ಕುತ್ತಿಗೆ ಎಲ್ಲ ಕಾದುಹೋದವು. "ಬ್ಯಾಡ," ಎಂದ. "ಆಕಿ ಹೆಸರ ಮ್ಯಾಲ ಬರಿ. ಶುಭಾಂಗಿದು ಮ್ಯಾಲ. ನಂದು ಕೆಳಗ."

ಯಾಕೆ ಎಂದು ಯಾರಾದರೂ ಕೇಳಿದ್ದರೆ ಹೇಳಿಯೇಬಿಡುತ್ತಿದ್ದನೇನೋ. ಯಾರೂ ಕೇಳಲಿಲ್ಲ. ಕೇಳದೆಯೇ ಎಲ್ಲರಿಗೂ ಗೊತ್ತಿತ್ತು. ಹುಡುಗಿ ಮಾತ್ರ ಕಣ್ಣರಳಿಸಿ ಅಪ್ಪನ ಕಡೆ ತಿರುಗಿ, "ಬಾಬಾ, ಕೇಳಿದ್ರಿ? ಕಾಕಾಂದು ಎಷ್ಟ ದೊಡ್ಡ ಮನಸ ನೋಡ್ರಿ," ಎಂದು ಕೂಗಿ ಹೇಳಿದಳು. ತನ್ನ ಸತ್ಕಾರಕ್ಕೆಂದು ಶಾಲೆಯವರು ಕೊಟ್ಟಿದ್ದ ತೆಂಗಿನಕಾಯಿಯನ್ನು ತಂದು ಎರಡೂ ಕೈಯಿಂದ ಮಹಾಂತನಿಗೆ ಕೊಟ್ಟಳು. ಮಹಾಂತನ ಕಾಲು ಎಲ್ಲಿತ್ತೆಂದು ಅಷ್ಟು ದೂರಕ್ಕೆ ಕಾಣದ ಪಂಡಿತ ಗಿಡದ ಕೆಳಗಿಂದಲೇ ಕೈ ಮುಗಿದ. ಅವತ್ತು ಅರ್ಧ ಚಹಾ ಬಿಟ್ಟು ಹೋದ ಅದೇ ಪಂಡಿತ. ಮಹಾಂತ ಕಾಯಿ ತೆಗೆದುಕೊಂಡ.

ಮನೆಯ ದಾರಿಯುದ್ದಕ್ಕೂ ಬೀರವ್ವ ಮುಂದೆ, ಅವನು ಹಿಂದೆ. ಕಂಬಳಿ ತಾನು ಹೊರುತ್ತೇನೆಂದು ಅವನು ಕೇಳಲಿಲ್ಲ, ಅವಳು ಕೊಡಲೂ ಇಲ್ಲ. ಮನೆಯಲ್ಲಿ ಅವಳು ಕಂಬಳಿಯನ್ನು ದೇವರ ಮುಂದಿನ ಗೂಟಕ್ಕೆ ಹಾಕಿ, ತಂಬಿಗೆಯಲ್ಲಿ ನೀರು ತಂದು ಅವನ ಮುಂದಿಟ್ಟಳು. ಅವನು ಕಾಯಿ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ.

"ನಾ ಕಂಬಳಿ ಇಳದದ್ದು ಎಲ್ಲಾರೂ ನೋಡ್ಯಾರೇನ?" ಎಂದು ಕೇಳಿದ.

"ಎಲ್ಲಾರೂ ನೋಡ್ಯಾರು," ಎಂದಳು ಬೀರವ್ವ. "ಆದ್ರ ಯಾರೂ ಬಾಯಿ ಬಿಡಂಗಿಲ್ಲ. ನಿಮ್ಮ ಮರ್ಯಾದಿ ಮುಚ್ಚತಾರು."

ಅವನು ನೀರು ಎತ್ತಿಕೊಂಡ. ಅವಳು ಒಳಗೆ ಹೋಗುತ್ತ ಬಾಗಿಲಲ್ಲಿ ನಿಂತಳು.

"ಆ ಹುಡಿಗಿ ಸಾಯೂತನಕ ನಿಮ್ಮನ್ನ ದೊಡ್ಡಾಂವ ಅಂತ ತಿಳಕೊಂಡಿರತಾಳರಿ. ಆಕಿಗಿ ಹೇಳಾವ್ರು ನೀವೊಬ್ಬರ."