ಮಾದರಿ ಮೊಕದ್ದಮೆ

“ಕೋಲು ಬೇಡ, ಮಿಸ್ ಓಲೀಟಾ. ಇಲ್ಲೇ ಇಟ್ಟುಬಿಡಿ,” ಎಂದಳು ಮೆರಿಡಿತ್. “ಕೋಲು ಊರ್ಕೊಂಡು ಹೋದ್ರೆ ಜ್ಯೂರಿಯವರಿಗೆ ನಾಟಕ ಅನ್ನಿಸುತ್ತೆ.”

“ಕೋಲಿಲ್ದೆ ಹೋದ್ರೆ ಕುಂಟ್ತೀನಲ್ಲಮ್ಮ.”

“ಕುಂಟಿ. ಆದ್ರೆ ತೀರಾ ಜಾಸ್ತಿ ಕುಂಟ್ಬೇಡಿ.”

ಓಲೀಟಾ ಸ್ಲೋನ್‌ಗೆ ನಗು ಬಂತು. ಮೆರಿಡಿತ್ ನಗಲಿಲ್ಲ. ವಯಸ್ಸಿನಲ್ಲಿ ಓಲೀಟಾಳ ಮಗಳಂತಿದ್ದು, ಆ ಕಡೆಯ ರೂಢಿಯಂತೆ ಮದುವೆಯಾದ ಹಿರಿಯಳನ್ನೂ ಮಿಸ್ ಎಂದೇ ಕರೆಯುತ್ತಿದ್ದ ಈ ವಕೀಲೆ ಎರಡು ವರ್ಷದಿಂದ ಅಮೆರಿಕದ ಕೆಂಟಕಿ ರಾಜ್ಯದ ಅವಳ ಬೆಟ್ಟದೂರಿಗೆ ಓಡಾಡಿ, ಅವಳ ಅಡುಗೆಮನೆಯ ಮೇಜಿನ ಮುಂದೆ ಕೂತು, ಇವತ್ತಿನ ದಿನಕ್ಕೆ ಅವಳನ್ನು ಸಿದ್ಧಪಡಿಸಿದ್ದಳು. ಪ್ರಶ್ನೆ ಮುಗಿದ ಮೇಲೆ ಒಂದು ಉಸಿರು ಬಿಟ್ಟು ಉತ್ತರ ಹೇಳಬೇಕು, ಕಂಪನಿಯ ವಕೀಲನನ್ನಲ್ಲ, ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನರಾದ ಜ್ಯೂರಿಯವರನ್ನು ನೋಡಬೇಕು, ಅಳು ಬಂದರೆ ತಡೆಯಬಾರದು, ಬಾರದಿದ್ದರೆ ಬರಿಸಿಕೊಳ್ಳಬಾರದು. ಎಲ್ಲವೂ ಬಾಯಿಪಾಠವಾಗಿತ್ತು.

ನ್ಯಾಯಾಲಯದವರು ಕೊಟ್ಟಿದ್ದ ಕಿಟಕಿಯಿಲ್ಲದ ಆ ಸಣ್ಣ ಕೋಣೆಯಲ್ಲಿ ಅವಳ ಗಂಡ ಹೋಬರ್ಟ್ ಗೋಡೆಗೆ ಒರಗಿ ಕೂತಿದ್ದ. ಕಲ್ಲಿದ್ದಲ ಗಣಿಯ ಧೂಳು ಅವನ ಶ್ವಾಸಕೋಶವನ್ನು ತಿಂದುಹಾಕಿತ್ತು. ಮೂಗಿನಲ್ಲಿ ನಳಿಕೆ, ಕಾಲ ಬಳಿ ಆಮ್ಲಜನಕದ ಸಿಲಿಂಡರು. ಮದುವೆಗೆಂದು ಕೊಂಡಿದ್ದ ಕೋಟು ಈಗ ಭುಜದಿಂದ ಜಾರುತ್ತಿತ್ತು.

ಓಲೀಟಾ ಶಾಲೆಯ ಬಸ್ಸು ಓಡಿಸುತ್ತಿದ್ದವಳು. ಆ ಕಣಿವೆಯ ಅರ್ಧ ಜನ ಅವಳ ಬಸ್ಸಿನಲ್ಲಿ ಕೂತೇ ಅಕ್ಷರ ಕಲಿಯಲು ಹೋದವರು. ಬಲಸೊಂಟದ ಕೀಲು ಸವೆದಾಗ ಡಾಕ್ಟರು ಲೋಹದ ಹೊಸ ಕೀಲು ಕೂರಿಸಿದರು. ಇದು ಈಚಿನದು, ನಿಮ್ಮ ಆಯುಷ್ಯ ಮುಗಿದರೂ ಇದು ಸವೆಯುವುದಿಲ್ಲ ಎಂದರು. ಗುಂಡೂ ಲೋಹದ್ದು, ಅದು ಕೂರುವ ಬಟ್ಟಲೂ ಲೋಹದ್ದು. ಎರಡೂ ಉಜ್ಜಾಡಿ ಪುಡಿ ಉದುರಿ ರಕ್ತಕ್ಕೆ ಇಳಿಯಿತು, ಸುತ್ತಲಿನ ಮಾಂಸ ಒಳಗೊಳಗೇ ಕೊಳೆಯಿತು. ಅದು ಯಾರಿಗೂ ತಿಳಿಯುವ ಮೊದಲೇ, ಒಂದು ಬೆಳಿಗ್ಗೆ ಇಳಿಜಾರಿನ ತಿರುವಿನಲ್ಲಿ, ಬ್ರೇಕು ತುಳಿಯಬೇಕೆಂದರೆ ಕಾಲು ಏಳಲಿಲ್ಲ. ಬಸ್ಸು ಬೇಲಿ ಮುರಿದುಕೊಂಡು ಹೋಗಿ ತೊರೆಯ ದಂಡೆಯಲ್ಲಿ ಮರಕ್ಕೆ ಸಿಕ್ಕಿ ನಿಂತಿತು. ಒಳಗೆ ಮಕ್ಕಳಿದ್ದವು. ಒಂದು ಮಗುವಿನ ಹಲ್ಲು ಮುರಿದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಓಲೀಟಾ ಅವತ್ತೇ ಬಸ್ಸಿನ ಕೀಲಿಕೈ ಒಪ್ಪಿಸಿ ಮನೆಗೆ ಬಂದಳು.

ಊರು ಬೇರೆಯೇ ಮಾತಾಡಿಕೊಂಡಿತು. ನೋವಿನ ಮಾತ್ರೆಯ ಚಟಕ್ಕೆ ಬಿದ್ದು ಹಾಳಾದ ಮನೆಗಳಿಗೆ ಆ ಕಣಿವೆಯಲ್ಲಿ ಬರವಿರಲಿಲ್ಲ. ಓಲೀಟಾಳೂ ಮಾತ್ರೆ ನುಂಗಿಯೇ ಅವತ್ತು ಬಸ್ಸು ಹತ್ತಿದ್ದಳಂತೆ. ಎದುರಿಗೆ ಯಾರೂ ಅನ್ನಲಿಲ್ಲ. ಅವಳು ಅಂಗಡಿಯೊಳಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು, ಅಷ್ಟೆ. ಪ್ರಮಾಣ ಮಾಡಿ, ನಾಲ್ಕು ಜನರ ಮುಂದೆ, ನನ್ನ ಕಾಲು ಏಳಲಿಲ್ಲ ಎಂದು ಹೇಳಬೇಕು. ಹೌದು, ತಪ್ಪು ನಿನ್ನದಲ್ಲ ಎಂದು ಗುರುತಿಲ್ಲದ ಜನರ ಬಾಯಿಂದ ಕೇಳಬೇಕು. ದುಡ್ಡಿಗಿಂತ ಹೆಚ್ಚಾಗಿ ಅವಳಿಗೆ ಬೇಕಿದ್ದದ್ದು ಇದು.

ಆ ಅವಕಾಶ ಅವಳಿಗೆ ಒದಗಿದ್ದೇ ದೊಡ್ಡದು. ಅದೇ ಕೀಲು ದೇಶದ ಮೂಲೆಮೂಲೆಯಲ್ಲಿ ಸಾವಿರಾರು ಜನರ ಸೊಂಟ ಸೇರಿತ್ತು. ಕೀಲು ಮಾಡಿದ ಕಂಪನಿಯ ಮೇಲೆ ಅವರೆಲ್ಲ ಹೂಡಿದ ಮೊಕದ್ದಮೆಗಳನ್ನು ರಾಶಿ ಹಾಕಿ ಪಕ್ಕದ ಓಹಾಯೋ ರಾಜ್ಯದ ಈ ನಗರದ ಒಬ್ಬ ನ್ಯಾಯಾಧೀಶರ ಮುಂದೆ ತಂದಿಟ್ಟಿದ್ದರು. ಒಬ್ಬೊಬ್ಬರದನ್ನೇ ವಿಚಾರಿಸುತ್ತ ಕೂತರೆ ಅವರ ಮೊಮ್ಮಕ್ಕಳ ಕಾಲಕ್ಕೂ ಮುಗಿಯುತ್ತಿರಲಿಲ್ಲ. ಹಾಗಾಗಿ ಬೆರಳೆಣಿಕೆಯಷ್ಟನ್ನು ಮಾದರಿಯೆಂದು ಆರಿಸಿದ್ದರು.

“ಜೋಳದ ಬ್ರೆಡ್ಡು ಬೆಂದಿದ್ಯೋ ಇಲ್ವೋ ಅಂತ ಕಡ್ಡಿ ಚುಚ್ಚಿ ನೋಡ್ತೀರಲ್ಲ, ಹಾಗೆ,” ಎಂದು ಮೆರಿಡಿತ್ ಮೊದಲ ಸಲ ಬಂದಾಗ ವಿವರಿಸಿದ್ದಳು. “ಈ ಕೆಲವು ಕೇಸಿಗೆ ಜ್ಯೂರಿ ಏನನ್ನುತ್ತೋ ನೋಡ್ಕೊಂಡು ಉಳಿದೋರಿಗೆಲ್ಲ ಬೆಲೆ ಕಟ್ತಾರೆ.”

“ಅಂದ್ರೆ ಕಡ್ಡಿ ಚುಚ್ಚಿಸ್ಕೊಳ್ಳೋಳು ಇವಳು. ಸದ್ಯ, ನಾನಲ್ಲ,” ಎಂದಿದ್ದಳು ಅಲ್ಲೇ ಕೂತಿದ್ದ ವನೀಡಾ.

ವನೀಡಾ ಓಲೀಟಾಳ ತೀರಿಹೋದ ಅಣ್ಣನ ಹೆಂಡತಿ, ನೆರೆಮನೆಯವಳು. ಅದೇ ಆಸ್ಪತ್ರೆ, ಅದೇ ಡಾಕ್ಟರು, ಅದೇ ಕೀಲು. ಅವಳ ಮೊಕದ್ದಮೆಯೂ ಆ ರಾಶಿಯಲ್ಲೇ ಇತ್ತು. ಆದರೆ ಸಕ್ಕರೆ ಕಾಯಿಲೆ, ಭಾರೀ ಮೈ, ಹಿಂದೆ ಸಿಗರೇಟು ಸೇದಿದವಳು. ಅವಳನ್ನು ಯಾವ ವಕೀಲರೂ ಮಾದರಿಯೆಂದು ಮುಂದೆ ನಿಲ್ಲಿಸುವಂತಿರಲಿಲ್ಲ. ಓಲೀಟಾಳ ಕೆಟ್ಟ ಕೀಲನ್ನು ತೆಗೆದು ಬೇರೆ ಹಾಕಿದ್ದರು. ವನೀಡಾಳದನ್ನು ತೆಗೆಯಲು ಡಾಕ್ಟರು ಒಪ್ಪಿರಲಿಲ್ಲ. ಕುಯ್ದರೆ ಗಾಯ ಮಾಯುವುದಿಲ್ಲ, ಜೀವಕ್ಕೇ ಕುತ್ತು ಬರುತ್ತದೆ ಎಂದಿದ್ದರು.

ಇವತ್ತು ಅವಳು ಈಸ್ಟರ್ ಹಬ್ಬಕ್ಕೆ ಉಡುವ ನೀಲಿ ಉಡುಪು ತೊಟ್ಟು ಕಾರಿನ ಹಿಂದಿನ ಸೀಟಿನಲ್ಲಿ ಕೂತು ಇವರ ಜೊತೆ ಬಂದಿದ್ದಳು. ಈಗ ವಿಚಾರಣೆಯ ಕೋಣೆಯಲ್ಲಿ ಮುಂದಿನ ಬೆಂಚಿನಲ್ಲೇ ಜಾಗ ಹಿಡಿದು ಕೂತಿದ್ದಳು. “ಹೆದರ್ಬೇಡ ಕಣೇ,” ಎಂದು ಬಾಗಿಲಲ್ಲಿ ಓಲೀಟಾಳ ಕೊರಳಪಟ್ಟಿ ಸರಿಮಾಡಿ ಹೋಗಿದ್ದಳು. “ನೀನು ಹೇಳಿದ್ರೆ ನಾನು ಹೇಳಿದ ಹಾಗೇ.”

ಬಾಗಿಲು ತೆರೆದು ಟ್ರಾಸ್ಕ್ ಒಳಗೆ ಬಂದ. ಇಡೀ ರಾಶಿಯ ಪರವಾಗಿ ವಾದಿಸುತ್ತಿದ್ದ ವಕೀಲರ ತಂಡಕ್ಕೆ ಅವನೇ ಹಿರಿಯ, ಮೆರಿಡಿತ್‌ಗೂ ಮೇಲಿನವನು. ಕುರ್ಚಿ ಎಳೆದು ಓಲೀಟಾಳ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತ.

“ಜ್ಯೂರಿ ಬಂದು ಕೂತಿದೆ. ಆದ್ರೆ ಈಗಷ್ಟೇ ಕಂಪನಿಯವರು ನನ್ನನ್ನ ಪಕ್ಕಕ್ಕೆ ಕರೆದ್ರು,” ಎಂದು ದನಿ ತಗ್ಗಿಸಿ ಒಂದು ಮೊತ್ತ ಹೇಳಿದ.

ಹೋಬರ್ಟ್ ಒರಗಿದ್ದವನು ನೆಟ್ಟಗಾದ.

“ತಪ್ಪಾಯ್ತು ಅಂತಾರಾ?” ಎಂದು ಕೇಳಿದಳು ಓಲೀಟಾ.

“ಇಲ್ಲ. ತಪ್ಪು ನಮ್ಮದಲ್ಲ ಅಂತ ಕರಾರಿನಲ್ಲೇ ಬರೆದಿರ್ತಾರೆ. ಎಷ್ಟು ಕೊಟ್ರು, ಏನು ಮಾತಾಯ್ತು, ಯಾವುದನ್ನೂ ನೀವು ಯಾರಿಗೂ ಹೇಳೋ ಹಾಗಿಲ್ಲ.”

“ಇಷ್ಟು ವರ್ಷ ಸುಮ್ನಿದ್ದು, ನಾನು ಬಾಗಿಲ ತನಕ ಬಂದ್ಮೇಲೆ ಯಾಕೆ?”

ಉತ್ತರ ಕೊಟ್ಟವಳು ಮೆರಿಡಿತ್. “ನೀವು ಗೆಲ್ತೀರಿ ಅಂತ ಅವರಿಗೆ ಭಯ. ನೀವು ಗೆದ್ರೆ ಎಲ್ಲರ ಬೆಲೆನೂ ಏರುತ್ತೆ. ಒಳ್ಳೇ ಕೇಸುಗಳನ್ನ ಹೀಗೆ ಕೊಂಡ್ಕೊಂಡು, ಸೋಲೋ ಕೇಸುಗಳನ್ನ ಮಾತ್ರ ಜ್ಯೂರಿ ಮುಂದೆ ಬಿಡ್ತಾರೆ.”

“ಮೆರಿಡಿತ್,” ಎಂದ ಟ್ರಾಸ್ಕ್. ಓಲೀಟಾಳ ಕಡೆ ತಿರುಗಿದ. “ಅದೂ ನಿಜ. ಇದನ್ನೂ ಕೇಳಿ. ಮಾತ್ರೆ ವಿಷಯ ಎತ್ತಬಹುದು ಅಂತ ನ್ಯಾಯಾಧೀಶರು ನಿನ್ನೆ ಸಂಜೆ ಅವರಿಗೆ ಒಪ್ಪಿಗೆ ಕೊಟ್ಟಿದಾರೆ. ಮಾತ್ರೆ, ಬಸ್ಸು, ಮಕ್ಕಳು. ಈ ಮೂರೂ ಮಾತು ಒಟ್ಟಿಗೆ ಕಿವಿಗೆ ಬಿದ್ರೆ ಜ್ಯೂರಿ ಏನು ಮಾಡುತ್ತೋ ನಾನು ಹೇಳಲಾರೆ. ಸೋತ್ರೆ ನಿಮ್ಮ ಕೈಗೆ ಏನೂ ಬರೋದಿಲ್ಲ. ರಾಶಿಲಿರೋ ಎಲ್ಲರನ್ನೂ ಜೊತೆಗೆ ಮುಳುಗಿಸ್ತೀರಿ.”

“ಡಾಕ್ಟ್ರು ಬರ್ಕೊಟ್ಟ ಮಾತ್ರೆ ಅದು. ರಾತ್ರಿ ಮಲಗೋವಾಗ ತಗೊಳ್ತಿದ್ದೆ. ಬಸ್ಸಿದ್ದ ದಿನ ಬೆಳಿಗ್ಗೆ ಒಂದೂ ಮುಟ್ಟಿಲ್ಲ.”

“ಅದು ನನಗೆ ಗೊತ್ತು.”

“ನಿಮಗೆ ಗೊತ್ತಿದ್ರೆ ಸಾಕಾ?”

ಟ್ರಾಸ್ಕ್ ಕಣ್ಣುಜ್ಜಿಕೊಂಡ. ಅವನು ಕೆಟ್ಟವನಾಗಿ ಕಾಣಲಿಲ್ಲ. ಅವನ ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪಿತ್ತು. ಅವನು ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು ಎಂದು ಓಲೀಟಾಳಿಗೆ ಅನ್ನಿಸಿತು.

“ವನೀಡಾನ್ನ ಒಂದು ಮಾತು ಕೇಳ್ತೀನಿ.”

“ಹಾಗೆ ಕೇಳೋಕಾಗಲ್ಲ, ಮಿಸ್ ಓಲೀಟಾ. ಇದು ನಿಮ್ಮ ಕೇಸು. ಅವರದು ಅವರದು.”

“ಎಲ್ಲಾ ಒಂದೇ ರಾಶಿ ಅಂತೀರಿ!”

“ರಾಶಿ ಒಂದೇ. ಕೇಸು ಬೇರೆ ಬೇರೆ.”

ಹೋಬರ್ಟ್ ಕೈ ಚಾಚಿ ಅವಳ ತೋಳು ಮುಟ್ಟಿದ. ಎರಡು ಮಾತಾಡಬೇಕಾದರೂ ಅವನು ಮೊದಲು ಉಸಿರು ಕೂಡಿಸಿಕೊಳ್ಳಬೇಕಿತ್ತು. “ಲೀಟಾ, ನಾನು ಹೋದ್ಮೇಲೆ ನಿನ್ನ ಗತಿ ಏನೇ? ಆ ಸೊಂಟಾನ ಇನ್ನೊಂದ್ಸಲ ಕುಯ್ಯಬೇಕಾಗುತ್ತೆ ಅಂದಿದಾರೆ. ನಾನಂತೂ ಏನೂ ಬಿಟ್ಟು ಹೋಗ್ತಿಲ್ಲ. ಇದನ್ನಾದ್ರೂ ತಗೋ.”

ಅವನು ಅವಳ ಹತ್ತಿರ ಏನನ್ನೂ ಬೇಡಿದವನಲ್ಲ. ಓಲೀಟಾ ಬಾಗಿಲ ಕಡೆ ನೋಡಿದಳು. ಅದರಾಚೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಅವಳ ಮಾತಿಗಾಗಿ ಕಾದ ಜನ ಕೂತಿದ್ದರು. ಎದ್ದು, ಕೋಲಿಲ್ಲದೆ ನಡೆದು ಹೋಗಿ, ಕೈಯೆತ್ತಿ ಪ್ರಮಾಣ ಮಾಡಿದರೆ ಆಯಿತು. ಗೆದ್ದರೆ ಸರಿ. ಸೋತರೆ, ಇಷ್ಟು ದಿನ ಊರವರ ಬಾಯಲ್ಲಿದ್ದ ಮಾತು ನ್ಯಾಯಾಲಯದ ಮಾತಾಗುತ್ತದೆ. ವನೀಡಾಳ ಪಾಲೂ ಹೋಗುತ್ತದೆ. ಗಂಡನ ಬೆರಳುಗಳು ತೋಳಿನ ಮೇಲೆ ತಣ್ಣಗಿದ್ದವು.

“ಎಲ್ಲಿ ಸಹಿ ಹಾಕ್ಬೇಕು?” ಎಂದಳು.

ಮೆರಿಡಿತ್ ಮುಖ ತಿರುಗಿಸಿ ತನ್ನ ಚೀಲದಲ್ಲಿ ಏನನ್ನೋ ಹುಡುಕತೊಡಗಿದಳು.

ಆಮೇಲಿನದು ಬಲು ಬೇಗ ಮುಗಿಯಿತು. ಉಭಯ ಪಕ್ಷಗಳೂ ರಾಜಿಯಾಗಿವೆ ಎಂದು ನ್ಯಾಯಾಧೀಶರು ಹೇಳಿದರು. ಜ್ಯೂರಿಯವರಿಗೆ ಕೃತಜ್ಞತೆ ಹೇಳಿ, ಇನ್ನು ನೀವು ಹೊರಡಬಹುದು ಎಂದರು. ಅವರಲ್ಲೊಬ್ಬಳು, ಹೆಣಿಗೆಯ ಚೀಲ ಹಿಡಿದಿದ್ದ ಮುದುಕಿ, ಏಳುವಾಗ ಓಲೀಟಾಳನ್ನೇ ನೋಡಿದಳು. ಈಕೆಗೆ ಏನಾಗಿತ್ತೋ ಎಂಬ ಕುತೂಹಲ ಆ ಮುಖದಲ್ಲಿತ್ತು. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಅವಳು ಕಾರಿನ ಕೀಲಿಗಾಗಿ ಚೀಲ ತಡಕುತ್ತಿದ್ದಳು.

“ಊಟಕ್ಕೆ ಬಿಟ್ರಾ?” ಎಂದು ಕೇಳಿದಳು ವನೀಡಾ. “ಇನ್ನೂ ಶುರುವೇ ಆಗಿಲ್ವಲ್ಲ! ಎಲ್ಲಾ ಯಾಕೆ ಎದ್ರು?”

“ಮುಗೀತು. ಮನೆಗೆ ಹೋಗೋಣ ಬಾ.”

ಗಡಿಯ ನದಿ ದಾಟಿದರು, ಕೆಂಟಕಿಯ ಬೆಟ್ಟಗಳು ಕಂಡವು. ಹೋಬರ್ಟ್ ನಳಿಕೆ ಸಿಕ್ಕಿಸಿಕೊಂಡೇ ಕಾರು ಓಡಿಸುತ್ತಿದ್ದ.

“ನೀನು ಹೇಳೋದನ್ನ ಕೇಳೋಕೆ ಬಂದೆ,” ಎಂದಳು ಕೊನೆಗೆ ವನೀಡಾ ಹಿಂದಿನಿಂದ. “ಏನಾಯ್ತು ಅಂತಾದ್ರೂ ಹೇಳು.”

“ಹೇಳೋ ಹಾಗಿಲ್ಲ ಕಣೇ.”

“ನಂಗೂನಾ?”

“ನಿಂಗೂ.”

ಹಿಂದಿನ ಸೀಟಿನಲ್ಲಿ ಕಾಗದ ಬಿಚ್ಚುವ ಸದ್ದಾಯಿತು. ಗೆದ್ದ ಮೇಲೆ ನದೀತೀರದಲ್ಲಿ ಕೂತು ತಿನ್ನೋಣವೆಂದು ವನೀಡಾ ಬೆಳಿಗ್ಗೆ ಎದ್ದು ಮಾಡಿ ತಂದಿದ್ದ ಸ್ಯಾಂಡ್‌ವಿಚ್ಚುಗಳು. ಎರಡನ್ನು ಮುಂದಕ್ಕೆ ಚಾಚಿದಳು. “ತಿನ್ನಿ. ಕೆಟ್ಟುಹೋಗುತ್ತೆ.”

ಮುಂದಿನ ಮಾದರಿ ಮೊಕದ್ದಮೆಗಳು ಆ ಚಳಿಗಾಲದಲ್ಲಿ ನಡೆದವು. ಒಬ್ಬ ಏಣಿಯಿಂದ ಬಿದ್ದಿದ್ದವನು, ಇನ್ನೊಬ್ಬಳು ಡಾಕ್ಟರ ಮಾತು ಮೀರಿ ಕುದುರೆ ಹತ್ತಿದ್ದವಳು. ಎರಡರಲ್ಲೂ ಕಂಪನಿಯೇ ಗೆದ್ದಿತು. ಹೋಬರ್ಟ್ ಮಾರ್ಚಿನಲ್ಲಿ ತೀರಿಕೊಂಡ. ಮಣ್ಣಿಗೆ ಬಂದವರು ಓಲೀಟಾಳ ಕೈ ಹಿಡಿದು ಒಳ್ಳೆಯ ಮಾತಾಡಿದರು. ಅದಾದ ಮೇಲೊಂದು ದಿನ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಹಾಲಿನ ಡಬ್ಬಿಗೆ ಕೈ ಹಾಕಿದ್ದಾಗ, ಅಲಮಾರಿನ ಆಚೆ ಯಾರೋ ಹೇಳುವುದು ಅವಳಿಗೆ ಕೇಳಿಸಿತು. “ಮಾತ್ರೆ ನುಂಗಿ ಮಕ್ಕಳ ಬಸ್ಸು ಉರುಳಿಸಿದ್ದಕ್ಕೆ ಬಹುಮಾನ ಬಂತಲ್ಲಪ್ಪಾ ಅವಳಿಗೆ!” ಆಚೆ ನಕ್ಕರು. ಹೋಗಿ ಎದುರು ನಿಲ್ಲಬಹುದಿತ್ತು. ನಿಂತು ಏನು ಹೇಳುವುದು? ಹಾಲಿನ ಡಬ್ಬಿ ಅಲ್ಲೇ ಬಿಟ್ಟು ಹೊರಗೆ ಬಂದಳು.

ಬೇಸಗೆಯ ಹೊತ್ತಿಗೆ ಇಡೀ ರಾಶಿಗೆ ಒಂದೇ ರಾಜಿಯಾಯಿತು. ವನೀಡಾ ತನ್ನ ಮನೆಯ ಮುಂದಿನ ಜಗುಲಿಯಲ್ಲಿ ಕೂತು ಅದನ್ನು ಹೇಳಿದಳು. ಮಡಿಲಲ್ಲಿ ಬೀನ್ಸ್ ಇತ್ತು. ನಾರು ತೆಗೆದು ಮುರಿದು ಪಾತ್ರೆಗೆ ಹಾಕುತ್ತಿದ್ದಳು.

“ಕೀಲು ತೆಗೆಸ್ಕೊಂಡೋರಿಗೆ ಒಂದು ದರವಂತೆ. ಇನ್ನೂ ಮೈಯಲ್ಲಿ ಇಟ್ಕೊಂಡೋರು ಎಲ್ಲರಿಗಿಂತ ಕೆಳಗೆ. ತೆಗೆಸಿಲ್ಲ ಅಂದ್ರೆ ಅಷ್ಟೇನೂ ಕೆಟ್ಟಿಲ್ಲ ಅಂತ ಅರ್ಥವಂತೆ ಕಣೇ.”

“ತೆಗೆದ್ರೆ ಸಾಯ್ತೀಯ ಅಂತ ಡಾಕ್ಟ್ರೇ ಹೇಳಿದಾರಲ್ಲ!”

“ಅವರ ಕಾಗದದಲ್ಲಿ ಅದನ್ನ ಬರೆಯೋಕೆ ಜಾಗಾನೇ ಇಲ್ಲ. ಅದರಲ್ಲೂ ಸಕ್ಕರೆಗೆ ಇಷ್ಟು ಮುರ್ಕೊಂಡ್ರು, ಮೈ ಭಾರಕ್ಕಿಷ್ಟು, ಸಿಗರೇಟಿಗಿಷ್ಟು. ಬೇಡ ಅಂದ್ರೆ ಒಬ್ಬಳೇ ಹೋರಾಡ್ಬೇಕು, ವಕೀಲ್ರೂ ಬಿಟ್ಟು ಹೋಗ್ತಾರೆ. ಹೂಂ ಅಂದೆ.” ಅವಳು ಒಂದು ಕಾಯಿ ಮುರಿದಳು. “ಮೆರಿಡಿತ್ ಫೋನಲ್ಲಿ ಹೇಳ್ತಿದ್ಳು. ಗೆದ್ದ ಕೇಸು ಒಂದಾದ್ರೂ ಕೈಯಲ್ಲಿದ್ದಿದ್ರೆ ಬೇರೆ ಥರ ಇರ್ತಿತ್ತಂತೆ.”

ಓಲೀಟಾ ಜಗುಲಿಯ ಮೆಟ್ಟಿಲ ಮೇಲೆ ಕೂತಿದ್ದಳು. “ವನೀಡಾ, ನನ್ನ ಹತ್ರ ಇರೋದ್ರಲ್ಲಿ...”

“ಎಷ್ಟಿದೆ?”

ವನೀಡಾ ಕೈ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದಳು. ಓಲೀಟಾಳ ಬಾಯಿ ತೆರೆಯಿತು. ರಸ್ತೆಯಲ್ಲಿ ಯಾರೂ ಇರಲಿಲ್ಲ. ಕೇಳಿಸಿಕೊಳ್ಳುವವರು ಸುತ್ತಮುತ್ತ ಎಲ್ಲೂ ಇರಲಿಲ್ಲ. ಆದರೂ ಮಾತು ಬರಲಿಲ್ಲ.

“ನೋಡ್ದ್ಯಾ,” ಎಂದಳು ವನೀಡಾ. ಅವಳ ದನಿಯಲ್ಲಿ ಕೋಪವಿರಲಿಲ್ಲ. ಬೀನ್ಸಿನ ಪಾತ್ರೆಯನ್ನು ಕೆಳಗಿಟ್ಟು ಕುರ್ಚಿಯ ಎರಡೂ ತೋಳು ಹಿಡಿದು ಎದ್ದಳು. “ಇರು, ಕಾಫಿ ತರ್ತೀನಿ.”

ಅವಳು ಒಳಗೆ ನಡೆದಳು. ಹೆಜ್ಜೆ ಹೆಜ್ಜೆಗೂ ಅವಳ ಸೊಂಟದಿಂದ ಸಣ್ಣದೊಂದು ಕಿರುಗುಟ್ಟುವ ಸದ್ದು ಬರುತ್ತಿತ್ತು, ಎಣ್ಣೆ ಕಾಣದ ಬಾಗಿಲು ತೆರೆದಂತೆ, ಮುಚ್ಚಿದಂತೆ. ನಡುಮನೆ ದಾಟಿ, ಅಡುಗೆಮನೆಯವರೆಗೂ ಹೋಗಿ ಸದ್ದು ನಿಂತಿತು. ನಲ್ಲಿಯ ನೀರು ಬಿತ್ತು, ನಿಂತಿತು. ಕುರ್ಚಿಯೊಂದನ್ನು ಎಳೆದು ಅವಳು ಕೂತಂತಾಯಿತು. ಒಲೆ ಹಚ್ಚಿದ ಸದ್ದು ಬರಲಿಲ್ಲ.

ಓಲೀಟಾ ಮೆಟ್ಟಿಲ ಮೇಲೆ ಕಾಯುತ್ತ ಕೂತಳು. ಬಿಸಿಲು ಜಗುಲಿಯಿಂದ ಇಳಿದು ಅಂಗಳಕ್ಕೆ ಹೋಯಿತು. ಒಳಗಿನಿಂದ ಯಾರೂ ಹೊರಗೆ ಬರಲಿಲ್ಲ. ಅವಳು ಪಾತ್ರೆಯನ್ನು ಹತ್ತಿರ ಎಳೆದುಕೊಂಡು ಉಳಿದ ಬೀನ್ಸಿನ ನಾರು ತೆಗೆಯತೊಡಗಿದಳು.