ರಿಂಕನ ಹಸಿರು ವಾಂತಿ, ಅಜ್ಜನ ಬಟಾಣಿ ಸಾರು

ನಮ್ಮಪ್ಪ ವೀಬೆಯ ದನಿ ನನಗೆ ಚೆನ್ನಾಗಿ ಬರುತ್ತೆ. ಅರ್ಧ ಮೂಗಿನಿಂದ, ಅರ್ಧ ಗಂಟಲಿನಿಂದ: "ಚಮಚ ನಿಲ್ಲಿಸಿದ್ರೆ ನಿಂತೇ ಇರ್ಬೇಕು. ಬಿದ್ರೆ ಅದು ಬಟಾಣಿ ಸಾರಲ್ಲ, ಬಟಾಣಿ ತೊಳೆದ ನೀರು!" ಈ ಕಥೆ ಆ ಸಾರಿನದ್ದೇ. ನಡೆದದ್ದನ್ನು ನಡೆದ ಹಾಗೇ ಹೇಳ್ತೀನಿ. ಅಪ್ಪನ ದನಿ ಮಾತ್ರ ಒಂದು ಹಿಡಿ ಜಾಸ್ತಿ ಆದೀತು.

ಹೋದ ಚಳಿಗಾಲ, ಊರ ಕಾಲುವೆ ಹೆಪ್ಪುಗಟ್ಟುವ ಹೊತ್ತಿಗೆ, ನನ್ನಕ್ಕ ಫೆನ್ನಾ ಗಂಡು ಮಗು ಹೆತ್ತಳು. ಹೆಸರು ರಿಂಕ್. ಮನೆಯಲ್ಲೇ ಹೆರಿಗೆ, ಎಲ್ಲ ಸುಸೂತ್ರ. ನೋಡೋಕೆ ಬಂದವರಿಗೆಲ್ಲ ರಸ್ಕಿಗೆ ಬೆಣ್ಣೆ ಸವರಿ, ಮೇಲೆ ನೀಲಿ-ಬಿಳಿ ಸೋಂಪಿನ ಮಿಠಾಯಿ ಉದುರಿಸಿ ಕೊಡುತ್ತಿದ್ದೆವು. ಗಂಡು ಮಗು ಅಂದ ಮೇಲೆ ನೀಲಿ ಇರಲೇಬೇಕಲ್ಲ. ಅಪ್ಪನಿಗೆ ಅಷ್ಟು ಸಾಲದು. ಬಾಣಂತಿಗೆ ಶಕ್ತಿ ಬರಲಿ ಅಂತ ದೊಡ್ಡ ಪಾತ್ರೆ ತುಂಬ ಬಟಾಣಿ ಸಾರು ಹೊತ್ತು ತಂದ.

ಮೂರನೇ ದಿನ ಮಧ್ಯಾಹ್ನ ರಿಂಕ್ ಹಾಲು ಕುಡಿದವನೇ ಕಕ್ಕಿದ. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ. ಫೆನ್ನಾ ಒರೆಸಿದ ಬಟ್ಟೆ ಎತ್ತಿ ಹಿಡಿದಳು.

"ಅಪ್ಪಾ, ಇದೇನು ಹಸಿರು?"

ಅಪ್ಪ ಬಟ್ಟೆ ನೋಡಿದ. ಮುಖ ಅರಳಿತು. "ನನ್ನ ಸಾರು ಕಣೇ! ನೀನು ಕುಡಿದೆ, ಹಾಲಿಗೆ ಇಳೀತು, ಅವನು ಕಕ್ಕಿದ. ಹೆಂಗಿದೆ ನೋಡು ನನ್ನ ಬಟಾಣಿ ಗಟ್ಟಿತನ!"

ಭಾವ ಡೌವೆಗೆ ಸಮಾಧಾನ ಇಲ್ಲ. "ಮಾವ, ಹೆರಿಗೆ ಮಾಡಿಸಿದ ನರ್ಸಮ್ಮಂಗೆ ಒಂದು ಫೋನ್ ಮಾಡ್ಲಾ?"

"ಇಷ್ಟಕ್ಕೆಲ್ಲ ಫೋನಾ? ಏನಂತಾರೆ ಅವರು? 'ಕಾದು ನೋಡಿ' ಅಂತಾರೆ. ಅದನ್ನ ನಾನೇ ಪುಕ್ಕಟೆ ಹೇಳ್ತೀನಿ, ಕಾದು ನೋಡಿ."

ನಾವೆಲ್ಲ ನಕ್ಕೆವು. ಸಣ್ಣದಕ್ಕೆಲ್ಲ ರಂಪ ಮಾಡಬಾರದು ಅಂತ ಬೆಳೆದ ಜನ ನಾವು. ಅದು ಒಳ್ಳೆ ಗುಣವೇ, ಆದರೆ ಎಲ್ಲ ದಿನಕ್ಕೂ ಅಲ್ಲ.

ಅಷ್ಟರಲ್ಲಿ ಪಕ್ಕದ ಮನೆ ಬಾವ್ಕೆ ಅತ್ತೆ ರಸ್ಕು ತಿನ್ನೋಕೆ ಬಂದಳು. ಬಟ್ಟೆ ಕಂಡದ್ದೇ, ಬಾಯಿಗೆ ಹೋಗುತ್ತಿದ್ದ ರಸ್ಕು ತಟ್ಟೆಗೆ ವಾಪಸ್.

"ಫೆನ್ನಾ, ಇದು ಮಗು ಕಕ್ಕಿದ್ದಾ?"

"ಹೂಂ ಅತ್ತೆ. ಅಪ್ಪನ ಸಾರಿನ—"

"ಸಾರಿಗೆ ಬೆಂಕಿ ಹಾಕು. ಅಮ್ಮ ಏನು ತಿಂದಳು ಅಂತ ಯೋಚಿಸ್ತಾ ಕೂರೋ ಬಣ್ಣ ಅಲ್ಲ ಇದು. ಇದು ಪಿತ್ತ. ಹಾಲು ಬಿಳಿಯಾಗಿ ಬಂದ್ರೆ ಸರಿ, ಎಲ್ಲ ಮಕ್ಕಳೂ ಒಂದಿಷ್ಟು ಕಕ್ತಾವೆ. ಹಸಿರು ಬಂತು ಅಂದ್ರೆ ಕರುಳಲ್ಲಿ ದಾರಿ ಕಟ್ಟಿರಬಹುದು. ಕರುಳು ತಿರುಚಿಕೊಂಡಿದ್ರೆ ಅದಕ್ಕೆ ರಕ್ತ ಹೋಗಲ್ಲ. ಕೆಲವೇ ಗಂಟೆಯಲ್ಲಿ ಕರುಳೇ ಸತ್ತುಹೋಗುತ್ತೆ."

"ಹೆದರಿಸ್ಬೇಡ ಕಣೇ ಬಾವ್ಕೆ. ಹೊಟ್ಟೆ ಮುಟ್ಟಿ ನೋಡು, ಮೆತ್ತಗಿದೆ."

"ಮೊದಮೊದಲು ಮೆತ್ತಗೇ ಇರುತ್ತೆ ಕಣೋ. ಗಟ್ಟಿ ಆಗೋವರೆಗೂ ಕಾಯೋಕೆ ಅದೇನು ನಿನ್ನ ಸಾರಾ?"

ಡೌವೆ ಆಗಲೇ ಫೋನ್ ಹಚ್ಚಿದ್ದ. ನರ್ಸಮ್ಮ ಒಂದೇ ಉಸಿರಿಗೆ ಹೇಳಿದಳು: ಹಾಲು ಕೊಡಬೇಡಿ, ಗಾಡಿ ಕಳಿಸ್ತೀನಿ, ಮಕ್ಕಳ ಶಸ್ತ್ರಚಿಕಿತ್ಸೆ ಮಾಡುವ ದೊಡ್ಡ ಆಸ್ಪತ್ರೆಗೇ ಹೋಗಿ, ಆ ಬಟ್ಟೆಯನ್ನೂ ತಗೊಂಡು ಹೋಗಿ.

ಅಪ್ಪ ಮಗುವನ್ನು ಎತ್ತಿ ಎದೆಗವಚಿಕೊಂಡ. "ಅಲ್ಲಿ ಕುಯ್ತಾರೆ. ಒಂದು ಬ್ರೆಡ್ಡಿನಷ್ಟಿಲ್ಲ ಇವನು! ಈ ಹೊಟ್ಟೆಗೆ ಚಾಕು ಹಾಕೋದಾ? ನಾ ಕೊಡಲ್ಲ."

ಬಾವ್ಕೆ ಅತ್ತೆ ದನಿ ತಗ್ಗಿಸಿದಳು. "ವೀಬೆ, ನನ್ನ ಮಗ ಚೇರ್ಡ್ ನಿನ್ನ ಸಾರು ಹೆಂಗೆ ಕುಡೀತಾನೆ?"

"ಅವನಾ? ಪಾತ್ರೆ ತಳ ಕೆರೀತಾನೆ, ಭೂಪ."

"ಅವನು ಹುಟ್ಟಿದಾಗ ಅನ್ನನಾಳ ಹೊಟ್ಟೆಗೆ ಸೇರೇ ಇರ್ಲಿಲ್ಲ. ಬಾಯ್ತುಂಬ ನೊರೆ, ಉಸಿರು ಕಟ್ಟೋದು. ಮಾರನೇ ದಿನವೇ ಎದೆ ತೆರೆದು ಜೋಡಿಸಿದ್ರು. ನೀವಾಗ ಈ ಬೀದಿಗೆ ಬಂದಿರಲಿಲ್ಲ. ಇಷ್ಟು ವರ್ಷ ನೀನು ಸಾರು ಬಡಿಸಿದ್ದು ಆ ಹೊಲಿದ ದಾರಿಗೇ ಕಣೋ."

ಹೊರಗೆ ಗಾಡಿ ನಿಂತಾಗ ಅಪ್ಪನೇ ಮಗುವನ್ನು ಹೊದಿಸಿ, ತಾನೇ ಫೆನ್ನಾಳ ಮಡಿಲಿಗೆ ಕೊಟ್ಟ.

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರು. ಬಸಿರಲ್ಲಿದ್ದಾಗ ಕರುಳು ಸರಿಯಾದ ಜಾಗದಲ್ಲಿ ಕೂತಿರಲಿಲ್ಲ, ಈಗ ತಿರುಚಿಕೊಂಡಿದೆ ಅಂದರು. ಅಪರೂಪದ ತೊಂದರೆ, ಆದರೆ ಇದನ್ನೇ ಕಲಿತ ವೈದ್ಯರಿದ್ದಾರೆ. ಎಳೆಕೂಸಿಗೆ ಮಂಪರು ಕೊಡೋಕೂ ಬೇರೆಯೇ ತಜ್ಞರು. ಬಾಗಿಲು ಮುಚ್ಚಿತು. ನಾವು ಬೆಂಚಿನ ಮೇಲೆ ಕೂತೆವು. ಅಪ್ಪ ತನ್ನ ಟೋಪಿಯನ್ನು ಹಿಂಡುತ್ತಲೇ ಇದ್ದ, ಒದ್ದೆ ಬಟ್ಟೆ ಹಿಂಡಿದ ಹಾಗೆ.

ವೈದ್ಯೆ ಹೊರಗೆ ಬಂದಾಗ ಮೊದಲು ಎದ್ದವನು ಅವನೇ. "ಅಮ್ಮಾ, ನನ್ನ ಬಟಾಣಿ ಸಾರಿಂದ ಆಯ್ತಾ?"

"ಇಲ್ಲ ಅಜ್ಜ, ಸಾರಿಂದಲ್ಲ. ಯಾರ ತಪ್ಪೂ ಅಲ್ಲ. ತಿರುಚು ಬಿಡಿಸಿದೆವು, ಕಪ್ಪಿಟ್ಟಿದ್ದ ಕರುಳು ನಮ್ಮ ಕಣ್ಣೆದುರೇ ಗುಲಾಬಿ ಬಣ್ಣಕ್ಕೆ ಬಂತು. ಬೆಳಗಾಗಲಿ ಅಂತ ಕಾದಿದ್ರೆ ಈ ಮಾತು ಹೇಳೋಕೆ ಆಗ್ತಿರಲಿಲ್ಲ."

ಅಪ್ಪ ಕೂತುಬಿಟ್ಟ. 'ನನ್ನ ಸಾರಿಂದ ಆಯ್ತಾ' ಅಂತ ಕೇಳಿದ ಆ ದನಿ ಒಂದನ್ನು ಮಾತ್ರ ನಾನು ಯಾವತ್ತೂ ಅಣಕಿಸಿಲ್ಲ.

ಕೆಲವು ದಿನ ರಕ್ತನಾಳದ ಮೂಲಕ ಆಹಾರ, ಆಮೇಲೆ ಹನಿಹನಿಯಾಗಿ ಹಾಲು. ರಿಂಕ್ ಮನೆಗೆ ಬಂದ ದಿನ ಮತ್ತೆ ರಸ್ಕು, ಮತ್ತೆ ನೀಲಿ ಮಿಠಾಯಿ. ಅಪ್ಪನ ರಸ್ಕಿಗೆ ಮಾತ್ರ ನಾನೂ ಬಾವ್ಕೆ ಅತ್ತೆಯೂ ಸೇರಿ ಮಿಠಾಯಿ ಬದಲು ಬೇಯಿಸಿದ ಬಟಾಣಿ ಒತ್ತಿಟ್ಟೆವು. ಅವನ ಕನ್ನಡಕ ಎಂದಿನ ಹಾಗೆ ತಲೆಯ ಮೇಲೆ, ಹಾಗಾಗಿ ಬಣ್ಣ ಕಾಣಲಿಲ್ಲ. ರಿಂಕನನ್ನು ಹೆಗಲಿಗೆ ಹಾಕಿಕೊಂಡು ಒಂದು ಚೂರು ಕಡಿದ. ಅಗಿದ. ನಿಲ್ಲಿಸಿದ.

"ರಸ್ಕಿನ ಮೇಲೆ ನಿಂತೇ ಇರ್ಬೇಕು. ಬಿದ್ರೆ ಅದು ಬಟಾಣಿ ಅಲ್ಲ ಅಪ್ಪಾ," ಅಂತ ಅವನದೇ ದನಿಯಲ್ಲಿ ನಾನು.

ಅವನು ಬೈಯೋಕೆ ಬಾಯಿ ತೆರೆದ. ಸರಿಯಾಗಿ ಆಗಲೇ ರಿಂಕ್ ಅವನ ಹೊಸ ಕೋಟಿನ ಮೇಲೆ ಕಕ್ಕಿದ. ಎಲ್ಲರ ಕಣ್ಣೂ ಆ ಕೋಟಿನ ಮೇಲೆ. ಅಪ್ಪ ಕನ್ನಡಕ ಕೆಳಗಿಳಿಸಿ ಹೆಗಲು ನೋಡಿಕೊಂಡ.

ಓದುವ ಅಮ್ಮಂದಿರೇ, ಅಪ್ಪಂದಿರೇ, ಮುಖ್ಯವಾಗಿ ಎಲ್ಲ ಬಲ್ಲ ಅಜ್ಜಂದಿರೇ, ನೀವೂ ಹೀಗೇ ಬಣ್ಣ ನೋಡಿ. ಎಳೆಕೂಸಿನ ವಾಂತಿ ಹಸಿರಾಗಿದ್ದರೆ ಸಾರನ್ನು ದೂರಬೇಡಿ, ಬೆಳಗಾಗಲಿ ಅನ್ನಬೇಡಿ. ಹಾಲು ನಿಲ್ಲಿಸಿ, ತಕ್ಷಣ ಆಸ್ಪತ್ರೆಗೆ ಓಡಿ. ಬಾಯಲ್ಲಿ ನೊರೆ ಬಂದು ಉಸಿರು ಕಟ್ಟಿದರೂ ಅಷ್ಟೇ. ಕೂಸು ಚಿಕ್ಕದು ಅಂತ ಶಸ್ತ್ರಚಿಕಿತ್ಸೆಗೆ ಹಿಂಜರಿಯಬೇಡಿ. ಚಿಕ್ಕವರಿಗೆಂದೇ ಕಲಿತ ಕೈಗಳಿವೆ.

ಅಪ್ಪ ಏನಂದ ಅಂತೀರಾ?

"ಬಿಳಿ! ಬಿಳಿ ಕಣ್ರೋ!" ಅಂತ ಕೂಗಿ, ಬಾಯಲ್ಲಿದ್ದ ಬಟಾಣಿ ಹಾರುವ ಹಾಗೆ ನಕ್ಕ. ಪಕ್ಕದ ಮನೆಯಿಂದ ಚೇರ್ಡ್ ಓಡಿ ಬಂದ, ಅಷ್ಟು ಜೋರಾಗಿ.