ಫಾರಿಸ್‌ನ ಕಾಲೇಜಿನವರು ಬಂದರು

ಹಸನ್ ಕುಂಞಿಯವರ ಅಂಗಡಿಯಲ್ಲಿ ಒಂದು ಬಾಟ್ಲಿ ಮಜ್ಜಿಗೆ ಬೇಕಾದರೂ ಮೊದಲು ಫ್ರಾನ್ಸಿಗೆ ಹೋಗಿ ಬರಬೇಕಿತ್ತು. ಫ್ರಿಡ್ಜಿನ ಬಾಗಿಲಿಗೆ ಅವರು ಬಣ್ಣದ ಕಾಗದವೊಂದನ್ನು ಅಂಟಿಸಿದ್ದರು. ಅವರ ಮಗ ಫಾರಿಸ್ ಓದಿದ ಫ್ರಾನ್ಸಿನ ಎಂಜಿನಿಯರಿಂಗ್ ಕಾಲೇಜಿನವರು ತಮ್ಮ ಹೆಸರಾಂತ ಹಳೆ ವಿದ್ಯಾರ್ಥಿಗಳು ಇವರು ಎಂದು ಇಂಟರ್ನೆಟ್ಟಿನಲ್ಲಿ ಹಾಕಿದ್ದ ಪುಟ ಅದು. ಮೇಲೆ ಯಾವುದೋ ದೇಶದ ಮಂತ್ರಿ, ಅವನ ಕೆಳಗೆ ಉಪಗ್ರಹ ಕಟ್ಟಿದ ಹೆಂಗಸು, ಸೇತುವೆ ಕಟ್ಟಿದ ಗಡ್ಡದವನು. ಎಲ್ಲರಿಗಿಂತ ಕೆಳಗೆ ನಮ್ಮ ಫಾರಿಸ್. ಕಾರ್ಖಾನೆಯ ಕೊಳವೆಯ ತುದಿಯಲ್ಲಿ ಸುಮ್ಮನೆ ಉರಿದು ಹೋಗುವ ಗ್ಯಾಸನ್ನು ಹಿಡಿದು ಮತ್ತೆ ಬಳಸುವ ಏರ್ಪಾಟೊಂದನ್ನು ಅವನು ಇಲ್ಲಿ, ಗಲ್ಫಿನ ಜುಬೈಲ್‌ನಲ್ಲಿ, ತಾನು ಕೆಲಸಕ್ಕಿದ್ದ ಕಂಪನಿಯಲ್ಲಿ ಮಾಡಿದ್ದ. ಅದಕ್ಕೆ ಆ ಗೌರವ.

"ನೋಣಯಾ, ಆ ಕೊನೆಯದ್ದು ಒಮ್ಮೆ ಓದಿ ಹೇಳು ಮಾರಾಯ, ಇವರಿಗೆ ಗೊತ್ತಿಲ್ಲ," ಎಂದು ನನ್ನನ್ನು ಕರೆಯುತ್ತಿದ್ದರು. ನಾನು ಹತ್ತಿರದ ಕಂಪನಿಯೊಂದರ ಸ್ಟೋರ್‌ಕೀಪರ್. ಕ್ಯಾಂಪಿನ ಊಟ ಬಾಯಿಗೆ ಹಿಡಿಸದೆ ರಜೆಯ ದಿನವೆಲ್ಲ ಅವರ ಅಂಗಡಿಯಲ್ಲಿ ಬಿದ್ದಿರುವವನು. ಓದಿ ಓದಿ ನನಗೆ ಅದು ಬಾಯಿಪಾಠವಾಗಿತ್ತು. ಮಜ್ಜಿಗೆಗೆ ಬಂದ ಪಾಕಿಸ್ತಾನದ ಲಾರಿ ಡ್ರೈವರು ಪಾಪ, ಬಾಯಾರಿಕೆ ಹೊತ್ತುಕೊಂಡು ಪೂರ್ತಿ ಕೇಳಿ, ಮಾಶಾ ಅಲ್ಲಾಹ್ ಎಂದ ಮೇಲೆಯೇ ಫ್ರಿಡ್ಜಿನ ಬಾಗಿಲು ತೆರೆಯುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇಲ್ಲಿ ಹುಟ್ಟಿದ್ದು ಹೆಗ್ಗಣವಲ್ಲ, ಆನೆ. ಇನ್ನು ತಡೆಯುವವರು ಯಾರು?

ಫಾರಿಸ್‌ಗೆ ಮಾತ್ರ ನಾಚಿಕೆ. "ಉಪ್ಪಾ, ತೆಗೀರಿ ಅದನ್ನು. ಯಾರಾದ್ರೂ ನೋಡಿದ್ರೆ ನಗ್ತಾರೆ."

"ನಗಲಿ. ನಗುವವರ ಮಕ್ಕಳ ಫೋಟೋ ಎಲ್ಲಿಯಾದ್ರೂ ಉಂಟಾ ಕೇಳು."

ಹಸನ್ ಕುಂಞಿಯವರಿಗೆ ಅಂಗಡಿಗಿಂತ ದೊಡ್ಡ ಕೆಲಸ ಇನ್ನೊಂದಿತ್ತು. ಅದಕ್ಕೆ ಸಂಬಳವಿಲ್ಲ. ಜುಬೈಲ್ ಸುತ್ತಮುತ್ತ ನಮ್ಮ ಕರಾವಳಿಯವರು ಯಾರು ಸತ್ತರೂ, ಬ್ಯಾರಿಯಾಗಲಿ ಬಿಲ್ಲವನಾಗಲಿ, ಮೊದಲ ಫೋನು ಬರುವುದು ಅವರಿಗೆ. ಅಂಗಡಿಯನ್ನು ಯಾರಿಗಾದರೂ ವಹಿಸಿ ಹೊರಟುಬಿಡುತ್ತಿದ್ದರು. ಸತ್ತವನ ಕಂಪನಿಯ ಪತ್ರ, ಪೊಲೀಸರ ಪತ್ರ, ರಾಯಭಾರ ಕಚೇರಿಯ ಒಪ್ಪಿಗೆ, ಇಲ್ಲಿ ನೆಲೆಸುವ ಪರವಾನಗಿ ಇಕಾಮಾ ರದ್ದು ಮಾಡಿದ ಮೊಹರು. ಒಂದು ಸಿಕ್ಕಿದರೆ ಇನ್ನೊಂದು ಸಿಕ್ಕುವುದಿಲ್ಲ. ಜಾಮೀನು ನಿಂತು ಕರೆಸಿಕೊಂಡ ಕಫೀಲ್ ಫೋನ್ ಎತ್ತುವುದಿಲ್ಲ, ಕಂಪನಿಯವನು ನಾಳೆ ಬಾ ಎನ್ನುತ್ತಾನೆ. ಕೂಲಿಯವನ ದೇಹ ಶವಾಗಾರದಲ್ಲಿ ತಿಂಗಳು, ಎರಡು ತಿಂಗಳು ಮಲಗುವುದು ಇಲ್ಲಿ ಹೊಸ ಸಂಗತಿಯೇನಲ್ಲ. ಬದುಕಿದ್ದಾಗ ಅಷ್ಟು ರಜೆ ಅವನಿಗೆ ಯಾರೂ ಕೊಟ್ಟಿರುವುದಿಲ್ಲ.

ಒಮ್ಮೆ ದೇಶದ ಇನ್ನೊಂದು ತುದಿಯ ತಬೂಕ್ ಕಡೆ ಸತ್ತ ಮೂಡಬಿದಿರೆಯ ವೆಲ್ಡರನೊಬ್ಬನ ದೇಹವನ್ನು ಇವರೇ ಒದ್ದಾಡಿ ಊರಿಗೆ ಮುಟ್ಟಿಸಿದ್ದರು. ಆ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು. ಪೆಟ್ಟಿಗೆ ತೆರೆದಾಗ ಹೆತ್ತ ತಾಯಿ, "ಇವ ನನ್ನ ಮಗ ಅಲ್ಲ" ಎಂದು ಹಿಂದೆ ಸರಿದಳಂತೆ. ಆ ಮಾತು ಹಸನ್ ಕುಂಞಿಯವರನ್ನು ಬಿಡಲೇ ಇಲ್ಲ.

2014ರ ಡಿಸೆಂಬರಿನ ಒಂದು ಶುಕ್ರವಾರ ಬೆಳಗಿನ ನಮಾಜಿಗೆ ಎದ್ದ ಫಾರಿಸ್ ಬಚ್ಚಲಿನಲ್ಲಿ ಕುಸಿದುಬಿದ್ದ. ತಲೆಯೊಳಗೆ ರಕ್ತನಾಳ ಒಡೆದಿತ್ತು. ಆಸ್ಪತ್ರೆಗೆ ಸೇರಿಸಿ ನಾವು ಏನು ಎತ್ತ ಎಂದು ಕೇಳುವುದರೊಳಗೆ ಎಲ್ಲ ಮುಗಿದಿತ್ತು. ಇನ್ನೂ ಮೂವತ್ತು ತುಂಬದ ಹುಡುಗ. ಹೆಣ್ಣು ನೋಡುವುದಕ್ಕೆ ಶುರುಮಾಡಿದ್ದರು.

ಆಸ್ಪತ್ರೆಯ ಜಗಲಿಯಲ್ಲಿ ಕುಳಿತು ಹಸನ್ ಕುಂಞಿ ಉಳ್ಳಾಲದಲ್ಲಿದ್ದ ಹೆಂಡತಿ ಬೀಬಿಗೆ ಫೋನ್ ಮಾಡಿದರು. ಫೋನನ್ನು ತಲೆಕೆಳಗಾಗಿ ಹಿಡಿದಿದ್ದರು. ನಾನೇ ಸ್ಪೀಕರ್ ಹಾಕಿ ಅವರ ತೊಡೆಯ ಮೇಲಿಟ್ಟೆ. ಅವರ ಬ್ಯಾರಿ ಮಾತು ಇಷ್ಟು ವರ್ಷದಲ್ಲಿ ನನಗೂ ಬರುತ್ತಿತ್ತು. ಅತ್ತ ಕಡೆಯ ಅಳು ಒಂದು ಹದಕ್ಕೆ ಬಂದ ಮೇಲೆ ಬೀಬಿ ಕೇಳಿದ್ದು ಒಂದೇ.

"ನನಗೆ ಬೇರೆ ಎಂತದೂ ಬೇಡ. ಮುಖ ಒಂದು ತೋರಿಸಿ. ಹೋದ ವರ್ಷ ರಜೆಗೆ ಬಂದಾಗ ನೋಡಿದ್ದು ನಾನು. ಒಮ್ಮೆ ಮುಖ ನೋಡ್ತೇನೆ, ಸಾಕು."

ಹಸನ್ ಕುಂಞಿ ಇಷ್ಟೂ ವರ್ಷ ಬೇರೆ ಬೇರೆ ಮನೆಗಳಿಗೆ ಹೇಳಿದ ಅದೇ ಮೆಲು ಧ್ವನಿಯಲ್ಲಿ ತಮ್ಮ ಮನೆಗೂ ಹೇಳಿದರು.

"ಆಗುವುದಿಲ್ಲ ಬೀಬಿ. ಬೇಗ ಅಂದ್ರೂ ಇಪ್ಪತ್ತು ದಿನ ಬೇಕು. ಆಮೇಲೆ ಅಲ್ಲಿಗೆ ಬರುವುದು ನಮ್ಮ ಫಾರಿಸ್ ಆಗಿರುವುದಿಲ್ಲ. ನಾನು ನೋಡಿದ್ದೇನೆ ಅದನ್ನು. ನೀನು ನೋಡ್ಬಾರ್ದು. ಮಯ್ಯತ್ತನ್ನು ಹಾಗೆ ಕಾಯಿಸಲೂಬಾರ್ದು. ಇಲ್ಲೇ ದಫನ ಮಾಡುವ."

"ನಿಮಗೆ ಗೊತ್ತಿರುವಷ್ಟು ನನಗೆ ಗೊತ್ತುಂಟಾ?" ಎಂದರು ಬೀಬಿ, ಅಳುತ್ತಲೇ. "ನೀವು ಹೇಳಿದ ಹಾಗೆ ಆಗಲಿ."

ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. "ಹಸನಾಕ, ಫಾರಿಸ್‌ನ ಕಂಪನಿಯವರಿಗೆ ಒಂದು ಮಾತು ಕೇಳಿದ್ರೆ ಹೇಗೆ?" ಎಂದೆ.

"ಇವತ್ತು ನಾಳೆ ರಜೆ. ದೊಡ್ಡವರೆಲ್ಲ ಬಹರೈನಿಗೆ ಹೋಗಿರ್ತಾರೆ. ಸತ್ತವನಿಗೆ ಕಂಪನಿಯವರು ಎಂತ ಮಾಡ್ತಾರೆ ಅಂತ ನನಗೆ ಗೊತ್ತಿಲ್ವಾ ಮಾರಾಯ?"

ನನಗೂ ಗೊತ್ತಿತ್ತು. ನನಗೆ ಗೊತ್ತಿದ್ದದ್ದೂ ನನ್ನ ಕಂಪನಿಯಂಥ ಕಂಪನಿಗಳೇ. ಒಂದು ಫೋಟೋವಾದರೂ ತೆಗೆಯೋಣವೇ ಎಂದದ್ದಕ್ಕೆ, ಮಯ್ಯತ್ತಿನ ಫೋಟೋ ತೆಗೆಯುವ ಕ್ರಮ ನಮ್ಮಲ್ಲಿಲ್ಲ ಎಂದುಬಿಟ್ಟರು.

ಆಮೇಲೆ ಅವರು ಎದ್ದರು. ಮಗನನ್ನು ಕಳೆದುಕೊಂಡ ಮನುಷ್ಯ ಕಣ್ಣೊರೆಸಿಕೊಂಡು ಅದೇ ಹಳೆಯ ಬಾಗಿಲುಗಳನ್ನು ಬಡಿಯಲು ಹೊರಟರು. ರಾಯಭಾರ ಕಚೇರಿಯ ಅಧಿಕಾರಿ ರಜೆಯ ದಿನವೂ ಇವರ ಫೋನ್ ಎತ್ತಿದ. ಠಾಣೆಯ ಪೊಲೀಸನು ಕುರ್ಚಿ ಬಿಟ್ಟು ಎದ್ದು ಇವರನ್ನು ತಬ್ಬಿಕೊಂಡ. ಯಾರ‍್ಯಾರಿಗೋ ವಾರಗಟ್ಟಲೆ ಹಿಡಿಯುತ್ತಿದ್ದ ದಫನದ ಕಾಗದ ಮಗನಿಗೆ ಮರುದಿನವೇ ಸಿಕ್ಕಿತು. ಅಷ್ಟು ವರ್ಷದ ಪುಣ್ಯವೆಲ್ಲ ಆ ಒಂದು ದಿನಕ್ಕೆ ಖರ್ಚಾಯಿತು ಎಂದು ನಾನು ಅಂದುಕೊಂಡೆ. ಅದು ಯಾತಕ್ಕೆ ಖರ್ಚಾಯಿತೆಂದು ಆಗ ತಿಳಿಯಲಿಲ್ಲ.

ಶನಿವಾರ ಇಳಿಹೊತ್ತಿನ ಅಸರ್ ನಮಾಜಿನ ಮೇಲೆ ದಫನವಾಯಿತು. ನಾನು ಹಿಂದೂ, ಒಳಗೆ ಬಿಡುವುದಿಲ್ಲ, ಖಬರಸ್ತಾನದ ಗೋಡೆಯ ಹೊರಗೆ ನಿಂತಿದ್ದೆ. ಒಳಗೆ ನೂರಾರು ಜನ ಒಬ್ಬರ ಮೇಲೊಬ್ಬರು ಬಿದ್ದು ಮಣ್ಣು ಹಾಕುತ್ತಿದ್ದರು. ಚಿಕ್ಕವನಿದ್ದಾಗ ಅಂಗಡಿಯಲ್ಲಿ ನಾನು ಎತ್ತಿ ಆಡಿಸಿದ ಹುಡುಗನಿಗೆ ಒಂದು ಹಿಡಿ ಮಣ್ಣು ಹಾಕುವ ಭಾಗ್ಯ ನನಗಿರಲಿಲ್ಲ. ಅಲ್ಲಿ ಗೋರಿಗಳಿಗೆ ಹೆಸರು ಬರೆಯುವುದಿಲ್ಲ. ಮರಳಿನ ದಿಬ್ಬ, ತಲೆಯ ಕಡೆಗೊಂದು ಕಲ್ಲು, ಅಷ್ಟೇ. ರಾಜನಿಗೂ ಅಷ್ಟೇ ಎನ್ನುತ್ತಾರೆ. ಇರಲಿ, ರಾಜನ ಮಾತು ನನಗೇಕೆ? ನನಗೆ ಸಿಟ್ಟು ಬಂದಿತ್ತು.

ಸಂಜೆ ಮಗ್ರಿಬ್ ನಮಾಜು ಆದ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾವಿಬ್ಬರೇ ಕುಳಿತಿದ್ದಾಗ ಮೂವರು ಬಂದರು. ಮುಂದಿದ್ದವನು ಎತಿಯೆನ್, ಫಾರಿಸ್‌ನ ಕಂಪನಿಯ ದೊಡ್ಡ ಎಂಜಿನಿಯರ್, ಫ್ರಾನ್ಸಿನವನು. ಅದೇ ಕಾಲೇಜಿನಲ್ಲಿ ಫಾರಿಸ್‌ಗಿಂತ ಮೊದಲು ಓದಿದವನು. ಹಿಂದಿನ ಇಬ್ಬರೂ ಅಲ್ಲಿ ಓದಿದವರೇ, ದಮ್ಮಾಮ್‌ನಿಂದ ಬಂದವರು. ಆ ಕಾಲೇಜಿನವರು ಲೋಕದ ಯಾವ ಮೂಲೆಯಲ್ಲಿ ಸಿಕ್ಕಿದರೂ ಒಂದೇ ಮನೆಯವರ ಹಾಗೆ ಎಂದು ಫಾರಿಸ್ ಹೇಳುತ್ತಿದ್ದ. ನಾನು ನಗುತ್ತಿದ್ದೆ. ನಮ್ಮ ಶಾಲೆಯಲ್ಲಿ ಒಟ್ಟಿಗೆ ಓದಿದವರು ಎದುರು ಸಿಕ್ಕಿದರೆ ಸಾಲ ಕೇಳಿಯಾನು ಎಂದು ದಾರಿ ಬದಲಿಸುತ್ತಾರೆ.

ಎತಿಯೆನ್ ಬಾಗಿಲಲ್ಲೇ ಶೂ ಕಳಚಿದ. ಹಸನ್ ಕುಂಞಿಯವರ ಎರಡೂ ಕೈ ಹಿಡಿದುಕೊಂಡು ಮೊಣಕಾಲೂರಿ ಕುಳಿತ. ಅತ್ತು ಅತ್ತು ಅವನ ಕಣ್ಣೂ ಕೆಂಪಾಗಿತ್ತು. ಇಂಗ್ಲಿಷಿನಲ್ಲಿ ನಿಧಾನವಾಗಿ, ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದವನ ಹಾಗೆ ಹೇಳಿದ. ನೀವು ಯಾವುದಕ್ಕೂ ಚಿಂತೆ ಮಾಡಬೇಡಿ, ಎಲ್ಲ ಸಿದ್ಧವಾಗಿದೆ. ನಿನ್ನೆ ಬಹರೈನಿನಲ್ಲಿದ್ದಾಗ ಸುದ್ದಿ ತಿಳಿಯಿತು, ಆಗಿನಿಂದ ನಾವು ಮಲಗಿಲ್ಲ. ಕಾಲೇಜಿನವರು ಫ್ರಾನ್ಸಿನಿಂದಲೇ ಯಾರ‍್ಯಾರಿಗೋ ಹೇಳಿಸಿದ್ದಾರೆ, ಕಂಪನಿಯೂ ಒಪ್ಪಿದೆ. ಫಾರಿಸ್‌ನನ್ನು ನಾಳೆಯ ವಿಮಾನದಲ್ಲಿ ಮಂಗಳೂರಿಗೆ ಕರೆದೊಯ್ಯಬಹುದು, ಜೊತೆಗೆ ನಿಮಗೂ ಸೀಟು ಇದೆ. ಸೋಮವಾರ ಅವನ ತಾಯಿ ಅವನನ್ನು ನೋಡಬಹುದು. ಮುಖ ಹೇಗಿತ್ತೋ ಹಾಗೆಯೇ ಇರುತ್ತದೆ. ದುಃಖದಲ್ಲಿರುವವರಿಗೆ ಫೋನ್ ಮಾಡಿ ತೊಂದರೆ ಕೊಡಬಾರದೆಂದು ಎಲ್ಲ ಮುಗಿಸಿಯೇ ಬಂದೆವು.

"ಎಂತ ಹೇಳುವುದು ಅವರು?" ಹಸನ್ ಕುಂಞಿ ನನ್ನ ಕಡೆ ತಿರುಗಿದರು.

"ಬೇಜಾರಾಯ್ತು ಅಂತ ಹೇಳ್ತಾರೆ, ಹಸನಾಕ."

"ಮಂಗಳೂರು ಅಂದ್ರಲ್ಲ. ಮದರ್ ಅಂದ್ರಲ್ಲ. ಸರಿಯಾಗಿ ಹೇಳು."

ಹೇಳಿದೆ. ಬೇರೆ ಏನು ಮಾಡಲಿ? ಆಮೇಲೆ ತಿರುಗಿ ಎತಿಯೆನ್‌ಗೆ ಇನ್ನೊಂದು ಸುದ್ದಿ ಹೇಳಿದೆ. ಅವನು ನಂಬಲಿಲ್ಲ. ಬೆಳಿಗ್ಗೆ ಆಸ್ಪತ್ರೆಗೆ ಕೇಳಿದಾಗ ದೇಹ ಅಲ್ಲಿಯೇ ಇದೆ ಎಂದರಲ್ಲ ಎಂದ. ಇತ್ತು, ಬೆಳಿಗ್ಗೆ ಇತ್ತು ಎಂದೆ. ಅವನು ಅಲ್ಲೇ ಇದ್ದ ಅಕ್ಕಿಯ ಮೂಟೆಯ ಮೇಲೆ ಕುಳಿತು ಮುಖ ಮುಚ್ಚಿಕೊಂಡ.

ಹಸನ್ ಕುಂಞಿ ಅಳಲಿಲ್ಲ. "ಎರಡು ಮೂರು ದಿನದಲ್ಲಿ ಆಗ್ತದಾ?" ಎಂದು ಕೇಳಿದರು.

"ಆಗ್ತದಂತೆ."

"ಎಲ್ಲರಿಗೂ ಆಗ್ತದಾ?"

ಅದನ್ನು ನಾನು ಎತಿಯೆನ್‌ಗೆ ಕೇಳಲಿಲ್ಲ. "ಫಾರಿಸ್‌ನಂಥವರಿಗೆ ಆಗ್ತದೆ," ಎಂದೆ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾರ ಮೇಲೆ ಉರಿಯಬೇಕೆಂದೇ ತಿಳಿಯಲಿಲ್ಲ. ಈ ಮನುಷ್ಯ ಸಾವಿನ ಕೆಲಸ ಕಲಿತದ್ದು ವೆಲ್ಡರುಗಳ ಹತ್ತಿರ, ಡ್ರೈವರುಗಳ ಹತ್ತಿರ, ಗಾರೆಯವರ ಹತ್ತಿರ. ಸಾವಿನಲ್ಲೂ ದೊಡ್ಡವರಿಗೆ ಬೇರೆ ದಾರಿ ಇದೆ ಎಂದು ಇವರಿಗೆ ತೋರಿಸಿಕೊಡಲು ಅಂಥ ದೊಡ್ಡವನೊಬ್ಬನೂ ಇವರ ಕೈಯಲ್ಲಿ ಸತ್ತಿರಲಿಲ್ಲ. ಮೊದಲನೆಯವನೇ ಮಗನಾದ. ಏನೂ ಗೊತ್ತಿಲ್ಲದ ಅಪ್ಪನಾಗಿದ್ದರೆ ದಿಕ್ಕು ತೋಚದೆ ಕುಳಿತಿರುತ್ತಿದ್ದರು, ಅಷ್ಟರಲ್ಲಿ ಕಾಲೇಜಿನವರು ಬಂದು ಮುಟ್ಟುತ್ತಿದ್ದರು. ಎಲ್ಲ ಗೊತ್ತಿದ್ದದ್ದೇ ಮುಳುವಾಯಿತು.

ಬಂದವರು ಹೋದ ಮೇಲೆ ಬೀಬಿಯ ಫೋನ್ ಬಂತು. ಹಸನ್ ಕುಂಞಿಯೇ ಸ್ಪೀಕರ್ ಒತ್ತಿದರು.

"ಮುಗೀತಾ?"

"ಮುಗೀತು."

"ಜನ ಇದ್ರಾ?"

"ತುಂಬಾ ಇದ್ರು."

"ಆಯ್ತು. ನೀವು ಎಂತಾದ್ರೂ ತಿನ್ನಿ." ಬೀಬಿ ಮೂಗು ಒರೆಸಿಕೊಂಡದ್ದು ಕೇಳಿಸಿತು. "ಮುಖ ನೋಡಲಿಕ್ಕೆ ಆಗ್ಲಿಲ್ಲ ಅಂತ ನಾನು ಅಳುವುದು ಹೌದು. ಆದ್ರೆ ನಿಮ್ಮ ಮೇಲೆ ಎಂತದೂ ಇಲ್ಲ. ಒಂದು ದಾರಿ ಇದ್ದಿದ್ರೆ ನೀವು ಕಳಿಸ್ತಿದ್ರಿ."

ನಾನು ಎರಡೂ ಕೈ ಎತ್ತಿ ಬೇಡ ಬೇಡ ಎಂದು ಸನ್ನೆ ಮಾಡಿದೆ. ಆ ಹೆಂಗಸು ಅಷ್ಟಾದರೂ ಸಮಾಧಾನ ಇಟ್ಟುಕೊಳ್ಳಲಿ ಎಂದು ನನ್ನ ಆಸೆ. ಹಸನ್ ಕುಂಞಿ ನನ್ನನ್ನು ನೋಡಿದರು. ಅಷ್ಟೊಂದು ಮನೆಗಳಿಗೆ ಕೆಟ್ಟ ಸುದ್ದಿ ಮುಟ್ಟಿಸಿದವರು, ಒಂದು ಮನೆಗೂ ಸುಳ್ಳು ಹೇಳಿದವರಲ್ಲ.

"ದಾರಿ ಇತ್ತು, ಬೀಬಿ."

ಎಲ್ಲವನ್ನೂ ಹೇಳಿದರು. ಕಾಲೇಜಿನವರು ಬಂದದ್ದು, ನಾಳೆಯ ವಿಮಾನ, ಸೋಮವಾರ. ಒಂದನ್ನೂ ಬಿಡಲಿಲ್ಲ. ಕೊನೆಗೆ "ನನಗೆ ಗೊತ್ತಿರ್ಲಿಲ್ಲ ಬೀಬಿ. ನಿನ್ನಾಣೆ ಗೊತ್ತಿರ್ಲಿಲ್ಲ," ಎಂದರು.

ಅತ್ತ ಕಡೆ ಹೆಂಗಸರು ಕುರಾನ್ ಓದುವ ಸದ್ದು ಕೇಳಿಸುತ್ತಿತ್ತು. ಬೀಬಿ ಕೂಗುತ್ತಾರೆ, ಬೈಯುತ್ತಾರೆ ಎಂದು ನಾನು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಅವರ ಧ್ವನಿಯಲ್ಲಿ ಸಿಟ್ಟೇ ಇರಲಿಲ್ಲ, ತಿಳಿಯದೆ ಕೇಳುವವರ ಹಾಗೆ ಕೇಳಿದರು.

"ಅವ ಅಷ್ಟು ದೊಡ್ಡವ ಅಂತ ಕಂಡಕಂಡವರಿಗೆ ಹೇಳಿದ್ದು ನೀವೇ ಅಲ್ವಾ? ನಿಮಗೇ ನಂಬಿಕೆ ಇರ್ಲಿಲ್ವಾ?"

ಫೋನನ್ನು ಹಸನ್ ಕುಂಞಿಯವರೂ ಇಡಲಿಲ್ಲ, ಬೀಬಿಯೂ ಇಡಲಿಲ್ಲ. ನಾನು ಎದ್ದು ಹೊರಗೆ ಹೋಗಿ ಅಂಗಡಿಯ ಶಟರ್ ಎಳೆದೆ.